ಆದೇಶದ ಕಾಗದ ಎಲ್ಲಿ? ಸಂವಿಧಾನದ 21 ಮತ್ತು 22ನೇ ವಿಧಿ ಓದುವವರಿಗೆ ಟಿಪ್ಪಣಿ

ವೈಯಕ್ತಿಕ ಸ್ವಾತಂತ್ರ್ಯದ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಮೇನಕಾ ಗಾಂಧಿ, ಪುಟ್ಟಸ್ವಾಮಿ ಅಂತ ಎರಡು ಕೇಸುಗಳ ಹೆಸರು ಬರೆದು ಪುಟ ತುಂಬಿಸುತ್ತಾರೆ. ಹೆಸರು ನೆನಪಿರುತ್ತದೆ, ಜಗಳ ಏನಿತ್ತು ಅನ್ನುವುದು ಮರೆತಿರುತ್ತದೆ. ದಾವಣಗೆರೆಯ ನಮ್ಮ ಓದುವ ಗುಂಪಿನಲ್ಲಿ ಎಲ್‌ಎಲ್‌ಬಿ ಮಾಡುವವರೂ ಇದ್ದಾರೆ, ಪಿಎಸ್‌ಐ ಪರೀಕ್ಷೆಗೆ ತಯಾರಾಗುವವರೂ ಇದ್ದಾರೆ. ನಾಳೆ ಕೆಲವರು ಜನರನ್ನು ಬಂಧಿಸುವವರು, ಇನ್ನು ಕೆಲವರು ಆ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವವರು. ಇಬ್ಬರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆದಿದ್ದೇನೆ.

ಈ ಪ್ರಕರಣಗಳನ್ನು ಓದುವಾಗ ಸರ್ಕಾರ ಒಳ್ಳೆಯದೋ ಕೆಟ್ಟದ್ದೋ ಅಂತ ಹುಡುಕಬೇಡಿ. ಕಾಗದ ಹುಡುಕಿ. ಯಾವ ಕಾನೂನಿನ ಯಾವ ಕಲಂ? ಸಹಿ ಹಾಕಿದವರಿಗೆ ಆ ಅಧಿಕಾರ ಇತ್ತಾ? ಕಾರಣ ಬರೆದಿದ್ದಾರಾ? ಅದು ಆ ಮನುಷ್ಯನ ಕೈಗೆ ಸೇರಿತಾ? ಅವನ ಮಾತು ಯಾರಾದರೂ ಕೇಳಿದರಾ? ದೊಡ್ಡ ದೊಡ್ಡ ತೀರ್ಪುಗಳ ಒಳಗೆ ಹೊಕ್ಕು ನೋಡಿದರೆ ಜಗಳ ನಿಂತಿರುವುದು ಈ ಸಣ್ಣ ಪ್ರಶ್ನೆಗಳ ಮೇಲೆ.

ವಿಧಿಗಳು ಹುಟ್ಟಿದ ಬಗೆ

ಕಾನೂನು ಹಾಕಿಕೊಟ್ಟ ವಿಧಾನದ ಪ್ರಕಾರವಲ್ಲದೆ ಯಾರ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ. ಇದು 21ನೇ ವಿಧಿಯ ಸಾರ. ವಿಧಾನ ಕಾನೂನಿನಲ್ಲಿ ಬರೆದಿದ್ದರೆ ಸಾಕಾ, ಅದು ನ್ಯಾಯವಾಗಿಯೂ ಇರಬೇಕಾ ಅನ್ನುವುದನ್ನು ವಿಧಿ ಬಿಡಿಸಿ ಹೇಳುವುದಿಲ್ಲ. ಆ ಮೌನವೇ ಮುಂದಿನ ಎಲ್ಲ ಜಗಳಕ್ಕೂ ಮೂಲ. ಈ ಮೌನದಿಂದ ನಾಗರಿಕರ ರಕ್ಷಣೆಗೆ ಆದ ನಷ್ಟ ತುಂಬಲು ಅಂಬೇಡ್ಕರ್ 1949ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ವಿಧಿ ಸೇರಿಸಿದರು. ಅದೇ ಇಂದಿನ 22ನೇ ವಿಧಿ. ಬಂಧಿಸಿದವನಿಗೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು.

ಸಂವಿಧಾನ ರಚನಾ ಸಭೆಯಲ್ಲಿ ನಮ್ಮ ಎಸ್. ನಿಜಲಿಂಗಪ್ಪನವರೂ ಸದಸ್ಯರಾಗಿದ್ದರು. ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಆ ಸಭೆಯಲ್ಲಿ ಅವರ ಹಾಗೆ ಜೈಲಿನ ಅನ್ನ ಉಂಡವರು ತುಂಬಾ ಜನ ಇದ್ದರು. ಹಾಗಿದ್ದೂ ವಿಚಾರಣೆ ಇಲ್ಲದೆ ಬಂಧನದಲ್ಲಿಡುವ ಅಧಿಕಾರವನ್ನು ಅದೇ 22ನೇ ವಿಧಿಯೊಳಗೆ ಉಳಿಸಿದರು. ದೇಶ ವಿಭಜನೆಯ ಗಲಭೆಯ ಕಾಲ ಅದು, ಒಪ್ಪೋಣ. ಆದರೂ ನನಗೆ ಇದು ಪೂರ್ತಿ ಜೀರ್ಣವಾಗಿಲ್ಲ.

ಗೋಪಾಲನ್‌ನಿಂದ ಮೇನಕಾವರೆಗೆ

ವಿಚಾರಣೆ ಇಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ 1950ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 21ನೇ ವಿಧಿಯನ್ನು ಬಹಳ ಬಿಗಿಯಾಗಿ ಓದಿತು. ಶಾಸನ ಇದೆ, ಅದರಲ್ಲಿ ವಿಧಾನ ಇದೆ, ಮುಗಿಯಿತು. ಆದರೆ ಅದೇ ಕೋರ್ಟ್ ಅದೇ ತೀರ್ಪಿನಲ್ಲಿ ಮುನ್ನೆಚ್ಚರಿಕೆ ಬಂಧನ ಕಾಯ್ದೆಯ 14ನೇ ಕಲಂ ಹೊಡೆದುಹಾಕಿತು. ಬಂಧನದ ಕಾರಣಗಳನ್ನು ಕೋರ್ಟಿಗೂ ಹೇಳಬಾರದು ಅನ್ನುವ ಕಲಂ ಅದು. ಅಂದರೆ ಅಷ್ಟು ಬಿಗಿಯಾಗಿ ಓದಿದವರಿಗೂ ಕಾಗದ ಮುಚ್ಚಿಡುವುದು ಸರಿ ಕಾಣಲಿಲ್ಲ. ಪುಸ್ತಕಗಳಲ್ಲಿ ಇದಕ್ಕೆ ಒಂದೇ ಸಾಲು ಕೊಡುತ್ತಾರೆ, ಹಾಗಾಗಿ ನೀವು ಅಂಡರ್‌ಲೈನ್ ಮಾಡಿಕೊಳ್ಳಿ.

ನಂತರದ್ದು ಖರಕ್ ಸಿಂಗ್, 1962. ಉತ್ತರ ಪ್ರದೇಶದವನು. ದರೋಡೆ ಪ್ರಕರಣದಲ್ಲಿ ಹಿಡಿದು, ಸಾಕ್ಷ್ಯ ಇಲ್ಲ ಅಂತ ಬಿಟ್ಟಿದ್ದರು. ಆದರೂ ಪೊಲೀಸರು ಅವನ ಹೆಸರಲ್ಲಿ ಹಾಳೆ ತೆರೆದು, ರಾತ್ರಿ ಹೊತ್ತು ಬಾಗಿಲು ಬಡಿದು ಮನೆಯಲ್ಲಿ ಇದ್ದಾನಾ ಅಂತ ನೋಡುತ್ತಿದ್ದರು. ನಮ್ಮ ಕಡೆ ರೌಡಿ ಶೀಟ್ ಅನ್ನುತ್ತೇವಲ್ಲ, ಅದರದ್ದೇ ಜಾತಿ. ಕೋರ್ಟ್ ರಾತ್ರಿ ಭೇಟಿಯನ್ನು ರದ್ದು ಮಾಡಿತು. ಕಾರಣ ಏನು? ಆ ಭೇಟಿಗೆ ಆಧಾರವಾಗಿದ್ದು ಶಾಸನ ಅಲ್ಲ, ಬರೀ ಇಲಾಖೆಯ ನಿಯಮ. ಉಳಿದ ನಿಗಾ ಕ್ರಮಗಳು ಹಾಗೇ ಉಳಿದವು. ನ್ಯಾಯಮೂರ್ತಿ ಸುಬ್ಬರಾವ್ ಮತ್ತು ಶಾ ಮಾತ್ರ ಇಡೀ ನಿಯಮವೇ ತಪ್ಪು ಅಂದರು. ಕಣ್ಗಾವಲಿನಲ್ಲಿ ಓಡಾಡುವವನಿಗೆ ಎಂಥ ಸ್ವಾತಂತ್ರ್ಯ ಅನ್ನುವುದು ಅವರ ವಾದ.

ಇದರ ಪಕ್ಕದಲ್ಲಿ 1975ರ ಗೋವಿಂದ್ ಪ್ರಕರಣ ಇಟ್ಟು ಓದಿ. ಮಧ್ಯಪ್ರದೇಶದಲ್ಲಿಯೂ ಅದೇ ರಾತ್ರಿ ಭೇಟಿ, ಅದೇ ಬಾಗಿಲು ಬಡಿತ. ಆದರೆ ಅಲ್ಲಿನ ನಿಯಮ 1861ರ ಪೊಲೀಸ್ ಕಾಯ್ದೆಯ ಅಡಿಯಲ್ಲಿ ಮಾಡಿದ್ದು. ಹಾಗಾಗಿ ಉಳಿಯಿತು. ಸಮಾಜಕ್ಕೆ ನಿಜವಾದ ಅಪಾಯ ಇರುವವರ ಮೇಲೆ ಮಾತ್ರ ಬಳಸಿ ಅಂತ ಕೋರ್ಟ್ ಕಡಿವಾಣ ಹಾಕಿತು ಅಷ್ಟೇ. ಮಲಗಿದ್ದವನಿಗೆ ಎರಡೂ ಕಡೆ ಒಂದೇ ಕಿರಿಕಿರಿ. ಒಂದು ಕಡೆ ಗೆಲುವು, ಇನ್ನೊಂದು ಕಡೆ ಸೋಲು. ಬರೀ ಕಾಗದ ಇದ್ದರೆ ಸಾಕಾ ಅನ್ನುವ ಪ್ರಶ್ನೆ ಇಲ್ಲೇ ಏಳುತ್ತದೆ.

ಉತ್ತರ ಬಂದದ್ದು 1978ರ ಜನವರಿ 25ರಂದು, ಮೇನಕಾ ಗಾಂಧಿ ಪ್ರಕರಣದಲ್ಲಿ. 1977ರ ಜುಲೈನಲ್ಲಿ ಪಾಸ್‌ಪೋರ್ಟ್ ಒಪ್ಪಿಸಿ ಅಂತ ಪತ್ರ ಬಂತು. ಕಾರಣ ಕೇಳಿದರೆ, ಸಾರ್ವಜನಿಕ ಹಿತದೃಷ್ಟಿಯಿಂದ ಹೇಳಲಾಗದು ಅಂದರು. ಏಳು ನ್ಯಾಯಮೂರ್ತಿಗಳ ಪೀಠ 21ನೇ ವಿಧಿಯನ್ನು 14 (ಸಮಾನತೆ) ಮತ್ತು 19ರ (ಮಾತು, ಓಡಾಟದಂಥ ಸ್ವಾತಂತ್ರ್ಯಗಳು) ಜೊತೆ ಸೇರಿಸಿ ಓದಿತು. ವಿಧಾನ ಅಂದರೆ ಏನೋ ಒಂದು ವಿಧಾನ ಅಲ್ಲ, ಅದು ನ್ಯಾಯಯುತವಾಗಿರಬೇಕು, ಸಮಂಜಸವಾಗಿರಬೇಕು, ಮನಸ್ಸಿಗೆ ಬಂದಂತೆ ಇರಬಾರದು. ಒಂದು ವಿಷಯ ಗಮನಿಸಿ. ಆ ಪಾಸ್‌ಪೋರ್ಟ್ ಆದೇಶವನ್ನು ಕೋರ್ಟ್ ನೇರವಾಗಿ ರದ್ದು ಮಾಡಲಿಲ್ಲ. ಅವರ ಅಹವಾಲು ಕೇಳುತ್ತೇವೆ ಅಂತ ಅಟಾರ್ನಿ ಜನರಲ್ ಕೊಟ್ಟ ಮಾತನ್ನು ಒಪ್ಪಿಕೊಂಡಿತು. ತತ್ವ ದೊಡ್ಡದು, ಅರ್ಜಿದಾರರ ಕೈಗೆ ಸಿಕ್ಕಿದ್ದು ಸಣ್ಣದು. ಸಂವಿಧಾನದ ಕೇಸುಗಳಲ್ಲಿ ಇದು ಆಗಾಗ ಆಗುತ್ತದೆ.

ತುರ್ತು ಪರಿಸ್ಥಿತಿ ಮತ್ತು ಬೆಂಗಳೂರು ಜೈಲು

ನಡುವೆ ಒಂದು ಕತ್ತಲೆಯ ಅಧ್ಯಾಯ ಇದೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿಗೆ ಬಂದಿದ್ದರು. ಅಲ್ಲೇ ಬಂಧನವಾಯಿತು. ಬೆಂಗಳೂರಿನ ಸೆಂಟ್ರಲ್ ಜೈಲಿನಿಂದಲೇ ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು, ಅಂದರೆ ಬಂಧಿತನನ್ನು ಕೋರ್ಟಿನ ಮುಂದೆ ತಂದು ಬಂಧನಕ್ಕೆ ಆಧಾರ ತೋರಿಸಿ ಅಂತ ಕೇಳುವ ಅರ್ಜಿ. 14, 21, 22ನೇ ವಿಧಿಗಳಿಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನು ರಾಷ್ಟ್ರಪತಿ ಆದೇಶ ಅಮಾನತಿನಲ್ಲಿಟ್ಟಿತ್ತು. ಹಾಗಿದ್ದರೂ ಬಂಧನ ಕಾನೂನಿನ ಪ್ರಕಾರ ಇದೆಯಾ ಅಂತ ನಾವು ನೋಡಬಹುದು ಎಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟ್‌ಗಳು ಹೇಳಿದವು.

1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಒಂಬತ್ತನ್ನೂ ಪಕ್ಕಕ್ಕೆ ಸರಿಸಿತು. ನಾಲ್ಕು ಒಂದು. ಒಬ್ಬರೇ ಬೇರೆ ನಿಂತವರು ಎಚ್.ಆರ್. ಖನ್ನಾ. ಮುಂದಿನ ವರ್ಷ ಅವರಿಗಿಂತ ಕಿರಿಯರಾದ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಖನ್ನಾ ರಾಜೀನಾಮೆ ಕೊಟ್ಟರು. 44ನೇ ತಿದ್ದುಪಡಿ ಬಂದ ಮೇಲೆ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತು ಮಾಡುವಂತಿಲ್ಲ. ಆ ಹಳೇ ತೀರ್ಪನ್ನು ಹೆಸರು ಹಿಡಿದು ತಳ್ಳಿಹಾಕಿದ್ದು 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳೂ ಒಪ್ಪಿದರು. ಕಾನೂನು ಇರಬೇಕು, ಒಪ್ಪುವಂಥ ಉದ್ದೇಶ ಇರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬೇಡ ಅನ್ನುವ ಈ ಮೂರನೆಯದೇ ಈಗಿನ ವಾದಗಳ ಜೀವ.

ಎಪಿಎಂಸಿ ಹಮಾಲಿಯ ಕೈಗೆ ಬರಬಹುದಾದ ಕಾಗದಗಳು

ಇನ್ನು ನಮ್ಮೂರಿಗೆ ಬರೋಣ. ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿ ಮಾಡುವ ಒಬ್ಬ ಹುಡುಗ ಅಂದುಕೊಳ್ಳಿ. ಹೊಡೆದಾಟದ ಒಂದೆರಡು ಹಳೇ ಕೇಸು ಇವೆ.

ಮೊದಲನೆಯದು ಸಾಮಾನ್ಯ ಬಂಧನ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಸುಮ್ನೆ ಎತ್ತಿಕೊಂಡು ಬರುವಂತಿಲ್ಲ. ಬಂಧನ ಯಾಕೆ ಬೇಕು ಅಂತ ಬರೆದಿಡಬೇಕು. ಬೇಡ ಅನಿಸಿದರೆ ಹಾಜರಾಗು ಅಂತ ನೋಟಿಸ್ ಕೊಡಬೇಕು. ಇದು 2014ರ ಅರ್ನೇಶ್ ಕುಮಾರ್ ತೀರ್ಪು. ಆಗ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) 41ಎ ಇತ್ತು, 2024ರ ಜುಲೈ 1ರಿಂದ ಅದು ಆ ಸಂಹಿತೆಯ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 35(3). ಪಿಎಸ್‌ಐ ಓದುವವರು ಎರಡೂ ನಂಬರ್ ನೆನಪಿಡಿ. ಬಂಧಿಸಿದರೆ ಅರೆಸ್ಟ್ ಮೆಮೊ ಬೇಕು, ಸಮಯ ಮತ್ತು ದಿನಾಂಕ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು, ಮನೆಯವರಿಗೆ ತಿಳಿಸಬೇಕು. ಡಿ.ಕೆ. ಬಸು ಪ್ರಕರಣದಿಂದ ಬಂದ ನಿಯಮ ಇದು. ಇತ್ತೀಚೆಗೆ ಪಂಕಜ್ ಬನ್ಸಲ್ (2023), ಪ್ರಬೀರ್ ಪುರಕಾಯಸ್ಥ (2024) ತೀರ್ಪುಗಳು ಬಂದಮೇಲೆ ಬಂಧನದ ಕಾರಣವನ್ನು ಬರವಣಿಗೆಯಲ್ಲೇ ಕೊಟ್ಟಿದ್ದೀರಾ ಅನ್ನುವುದು ಕೋರ್ಟಿನಲ್ಲಿ ಮೊದಲು ಏಳುವ ಪ್ರಶ್ನೆ ಆಗಿದೆ. 24 ಗಂಟೆಯಲ್ಲಿ ಪ್ರಯಾಣದ ಸಮಯ ಸೇರುವುದಿಲ್ಲ. ಬೆಂಗಳೂರಿನಲ್ಲಿ ಹಿಡಿದು ದಾವಣಗೆರೆ ಕೋರ್ಟಿಗೆ ತಂದರೆ ಆ ದಾರಿಯ ಹೊತ್ತು ಲೆಕ್ಕಕ್ಕಿಲ್ಲ.

ಎರಡನೆಯದು ಗಡಿಪಾರು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಂ. ಚುನಾವಣೆ, ಹಬ್ಬ ಹತ್ತಿರ ಬಂದಾಗ ಪತ್ರಿಕೆಯಲ್ಲಿ ಈ ಸುದ್ದಿ ನೋಡುತ್ತೀರಲ್ವಾ, ಅದೇ. ಇಲ್ಲಿ ಯಾರಿಗೂ ಶಿಕ್ಷೆ ಆಗಿರುವುದಿಲ್ಲ, ಮುಂದೆ ಏನೋ ಮಾಡಬಹುದು ಅನ್ನುವ ಅನುಮಾನಕ್ಕೆ ಊರು ಬಿಡಿಸುತ್ತಾರೆ. ಹೆಂಡತಿ ಮಕ್ಕಳು ಇಲ್ಲಿ, ದುಡಿಯುವವನು ಬೇರೆ ಜಿಲ್ಲೆಯಲ್ಲಿ. ಆದ್ದರಿಂದ ಮೊದಲು ನೋಟಿಸ್ ಕೊಟ್ಟು, ಆರೋಪದ ಸ್ವರೂಪ ತಿಳಿಸಿ, ಅವನ ಮಾತು ಕೇಳಲೇಬೇಕು. ಗರಿಷ್ಠ ಅವಧಿ ಎರಡು ವರ್ಷ. ಮಹಾರಾಷ್ಟ್ರದ ಇಂಥದ್ದೇ ಆದೇಶವೊಂದನ್ನು 2022ರ ದೀಪಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಪೂರ್ತಿ ಎರಡು ವರ್ಷ ಯಾಕೆ ಅನ್ನುವುದಕ್ಕೆ ಆದೇಶದಲ್ಲಿ ಒಂದು ಕಾರಣವೂ ಇರಲಿಲ್ಲ.

ಮೂರನೆಯದು ಗೂಂಡಾ ಕಾಯ್ದೆ. 1985ರ ಈ ಕಾಯ್ದೆಯ ಪೂರ್ತಿ ಹೆಸರು ಒಂದು ಪ್ಯಾರಾ ಉದ್ದ ಇದೆ, ಪರೀಕ್ಷೆಗೆ ಬೇಕಾಗಿಲ್ಲ. ಮುನ್ನೆಚ್ಚರಿಕೆಯಾಗಿ ಜೈಲಿನಲ್ಲಿಡಲು ಬಳಸುವ ಕಾಯ್ದೆ ಇದು. ದಾವಣಗೆರೆ, ಚಿತ್ರದುರ್ಗದಂಥ ಕಡೆ ಬಂಧನದ ಆದೇಶ ಹೊರಡಿಸುವುದು ಜಿಲ್ಲಾಧಿಕಾರಿ. ಐದು ದಿನದೊಳಗೆ ಕಾರಣ ತಿಳಿಸಬೇಕು. 12 ದಿನದೊಳಗೆ ರಾಜ್ಯ ಸರ್ಕಾರ ಒಪ್ಪಬೇಕು. ಬಂಧನಕ್ಕೆ ಸಾಕಷ್ಟು ಕಾರಣ ಇದೆಯಾ ಅಂತ ನೋಡುವ ಸಲಹಾ ಮಂಡಳಿಯ ಮುಂದೆ ಮೂರು ವಾರದೊಳಗೆ ಇಡಬೇಕು. ಹೆಚ್ಚೆಂದರೆ 12 ತಿಂಗಳು. ವಿಚಾರಣೆ ಇಲ್ಲ, ಜಾಮೀನು ಇಲ್ಲ. ಇಷ್ಟು ಕಠಿಣವಾದ ಅಧಿಕಾರ ಆಗಿರುವುದರಿಂದಲೇ ಕೋರ್ಟ್‌ಗಳು ಒಂದೊಂದು ದಿನಾಂಕವನ್ನೂ ಹಿಡಿದು ನೋಡುತ್ತವೆ. ಬರೀ ಹೊಡೆದಾಟ ಇದಕ್ಕೆ ಸಾಲದು, ಸಾರ್ವಜನಿಕ ಸುವ್ಯವಸ್ಥೆಗೇ ಧಕ್ಕೆ ಬರಬೇಕು. ಈ ಗೆರೆ ಎಳೆದದ್ದು 1965ರಲ್ಲಿ ತೀರ್ಪಾದ ರಾಮ್ ಮನೋಹರ್ ಲೋಹಿಯಾ ಪ್ರಕರಣ.

ಭಾಷೆಯ ವಿಷಯವನ್ನಂತೂ ಬಿಡಲೇಬೇಡಿ. 1962ರ ಹರಿಕಿಶನ್ ಪ್ರಕರಣದಲ್ಲಿ ಬಂಧಿತನಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವನು ಹಿಂದಿಯಲ್ಲಿ ಕೊಡಿ ಅಂದ, ಕೊಡಲಿಲ್ಲ. ಬಂಧನ ರದ್ದಾಯಿತು. ನಮ್ಮ ಹಮಾಲಿಗೆ ಇಂಗ್ಲಿಷ್ ಪುಟಗಳ ಕಟ್ಟು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೂ ಅದೇ ಕಥೆ. ತನಗೆ ಅರ್ಥವಾಗದ ಆರೋಪಕ್ಕೆ ಅವನು ಸರ್ಕಾರಕ್ಕೆ ಮನವಿ ಬರೆಯುವುದು ಹೇಗೆ?

ಇದನ್ನು ಪ್ರಶ್ನಿಸಲು ಜಿಲ್ಲಾ ಕೋರ್ಟಿಗೆ ಹೋಗುತ್ತೇವೆ ಅಂತ ಬರೆಯಬೇಡಿ. ಹೇಬಿಯಸ್ ಕಾರ್ಪಸ್ ಇರುವುದು 226ನೇ ವಿಧಿಯಲ್ಲಿ ಹೈಕೋರ್ಟಿಗೆ, 32ರಲ್ಲಿ ಸುಪ್ರೀಂ ಕೋರ್ಟಿಗೆ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು ಹೈಕೋರ್ಟಿನ ಧಾರವಾಡ ಪೀಠಕ್ಕಲ್ಲ, ಬೆಂಗಳೂರಿಗೆ ಸೇರುತ್ತವೆ.

ಪೊಲೀಸರ ಕಡೆಯ ಮಾತು

ಗುಂಪಿನಲ್ಲಿ ಪಿಎಸ್‌ಐ ಓದುವವರು ಪ್ರತಿ ಸಲ ಒಂದು ಮಾತು ಎತ್ತುತ್ತಾರೆ. ಕಾಗದದ ತಪ್ಪಿಗೆ ಪುಂಡರು ಹೊರಗೆ ಬಂದರೆ ಬಡಾವಣೆಯ ಜನಕ್ಕೆ ಯಾರು ಗತಿ? ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಕಾಗದ ಬರೆದವರು ಯಾರು? 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ 144 ಹಾಕಿದ ಆದೇಶವನ್ನು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಅಂದಿತು. ಗಲಭೆಯ ಭಯ ಇರಬಾರದು ಅಂತ ಕೋರ್ಟ್ ಹೇಳಲಿಲ್ಲ. ಅಧಿಕಾರಿ ತಾನೇ ಯೋಚಿಸಿ ಕಾರಣ ದಾಖಲಿಸಿದ್ದು ಆದೇಶದಲ್ಲಿ ಕಾಣಲಿಲ್ಲ ಅಂದಿತು. ಅದಕ್ಕೆ ಸ್ವಲ್ಪ ಮುಂಚೆ, ಜನವರಿ 10ರಂದು, ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಟರ್ನೆಟ್ ಬಂದ್ ಮಾಡುವ ಆದೇಶಗಳನ್ನು ಪ್ರಕಟಿಸಲೇಬೇಕು ಅಂದಿತ್ತು. ಒಳ್ಳೆಯ ಕಾರಣ ಇದ್ದ ಅಧಿಕಾರಿಗೆ ಅದನ್ನು ಬರೆಯಲು ಕಷ್ಟ ಏನು?

ಕಾಗದವೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬಿಹಾರದ ರುದುಲ್ ಸಾಹ್ ಸಾಕ್ಷಿ. 1968ರಲ್ಲಿ ಬಿಡುಗಡೆಯ ತೀರ್ಪು ಬಂತು. ಜೈಲಿನಿಂದ ಹೊರಬಂದದ್ದು 1982ರಲ್ಲಿ. ಮೊದಲು ಕೊಟ್ಟ 5,000 ಸೇರಿಸಿ 35,000 ರೂಪಾಯಿ ಪರಿಹಾರ ಸಿಕ್ಕಿತು. ಮೂಲಭೂತ ಹಕ್ಕು ಮುರಿದರೆ ಹಣದ ಪರಿಹಾರವನ್ನೂ ಕೊಡಿಸಬಹುದು ಅನ್ನುವ ತತ್ವಕ್ಕೆ 1983ರ ಈ ತೀರ್ಪನ್ನೇ ಬರೆಯಬೇಕು.

ಮುಂದಿನ ಭಾನುವಾರಕ್ಕೆ ಸಮಸ್ಯೆ

ಮೇಲಿನ ಹಮಾಲಿಗೆ ಗಡಿಪಾರು ನೋಟಿಸ್ ಬರುತ್ತದೆ. ಅದರಲ್ಲಿ 'ಸಮಾಜಕ್ಕೆ ಕಂಟಕ' ಅಂತ ಮಾತ್ರ ಇದೆ. ನಾಳೆ ಬೆಳಿಗ್ಗೆಯೇ ಉತ್ತರ ಕೊಡು ಅಂದಿದ್ದಾರೆ. ಅವನ ಮೇಲಿದ್ದ ಕೇಸುಗಳು 2016ರವು, ಎಲ್ಲದರಲ್ಲೂ ಖುಲಾಸೆ ಆಗಿದೆ. ಆದೇಶ ಬಂದಾಗ ದಾವಣಗೆರೆ ಜೊತೆಗೆ ಚಿತ್ರದುರ್ಗ, ಹಾವೇರಿ ಜಿಲ್ಲೆಗಳಿಂದಲೂ ಎರಡು ವರ್ಷ ಹೊರಗಿರಬೇಕು ಅಂತ ಇದೆ. ಕೇಸು ಹಳೆಯದಾಗಿರುವುದು, ನೋಟಿಸಿನ ಒಕ್ಕಣೆ, ಕೊಟ್ಟ ಸಮಯ, ಪಕ್ಕದ ಜಿಲ್ಲೆಗಳು, ಅವಧಿ, ಇಷ್ಟನ್ನೂ ಬೇರೆ ಬೇರೆಯಾಗಿ ವಾದಿಸಿ. ದೇಶದಲ್ಲೆಲ್ಲ ಮುಕ್ತವಾಗಿ ಓಡಾಡುವ ಹಕ್ಕು ಕೊಡುವ 19(1)(ಡಿ) ಮರೆಯಬೇಡಿ. ಎರಡು ಪುಟ ಮೀರಬಾರದು. ಅದರಲ್ಲಿ ಆದೇಶವನ್ನು ಸಮರ್ಥಿಸುವ ಒಂದು ಪ್ಯಾರಾ ಕಡ್ಡಾಯ, ಅದನ್ನು ಎಲ್‌ಎಲ್‌ಬಿಯವರೇ ಬರೆಯಬೇಕು.