ಹಿರಿಯರ ಮಿತಬಳಕೆ: ಬಡತನವೇ, ಪರಿಸರ ಕಾಳಜಿಯೇ?

ಓದುಗರ ಪ್ರಶ್ನೆ: ನಮ್ಮ ಅಜ್ಜ-ಅಜ್ಜಿಯರು ಹಳೆಯ ಸೀರೆಯನ್ನಾಗಲಿ, ತರಕಾರಿಯ ಸಿಪ್ಪೆಯನ್ನಾಗಲಿ ಸುಮ್ಮನೆ ಬಿಸಾಡುತ್ತಿರಲಿಲ್ಲ ಎಂದು ಮನೆಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಅವರಿಗೆ ಪರಿಸರದ ಕಾಳಜಿ ಇತ್ತೇ, ಇಲ್ಲವೇ ಬಡತನ ಅವರಿಂದ ಹಾಗೆ ಮಾಡಿಸಿತೇ? ಆ ಬದುಕಿನಿಂದ ಇಂದು ನಾವು ಉಳಿಸಿಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಹಿರಿಯರೆಲ್ಲ ಪ್ರಕೃತಿಯ ಆರಾಧಕರಾಗಿದ್ದರು ಎಂದು ಕೆಲವರು ಹೇಳುತ್ತಾರೆ, ಅವರ ಬಳಿ ಏನೂ ಇರಲಿಲ್ಲ, ಆದ್ದರಿಂದ ಇದ್ದದ್ದನ್ನೇ ಉಳಿಸಿದರು ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಎರಡೂ ಪೂರ್ತಿ ಉತ್ತರವಲ್ಲ. ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಮಾನವ ಪರಿಸರ ಸಮ್ಮೇಳನ ನಡೆದದ್ದು 1972ರಲ್ಲಿ. ನಮ್ಮ ದೇಶದಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದಕ್ಕಿಂತ ಮೊದಲು ಹಳೆಯ ಬಟ್ಟೆಗಳಿಂದ ಕೌದಿ ಎಂಬ ಹೊದಿಕೆ ಹೊಲಿಯುತ್ತಿದ್ದ, ಕಲಗಚ್ಚನ್ನು ದನಕ್ಕೆ ಇಡುತ್ತಿದ್ದ ಹೆಂಗಸಿಗೆ ತಾನು ಭೂಮಿಯನ್ನು ಉಳಿಸುತ್ತಿದ್ದೇನೆ ಎಂಬ ಭಾವನೆ ಇತ್ತೆಂದು ಹೇಳಲು ಆಧಾರವಿಲ್ಲ. ಹಾಗೆಂದು ಬಡತನವೊಂದರಿಂದಲೇ ಇದನ್ನು ವಿವರಿಸಲೂ ಆಗುವುದಿಲ್ಲ, ಏಕೆಂದರೆ ಕಣಜ ತುಂಬಿದ ಅನುಕೂಲಸ್ಥರ ಮನೆಗಳಲ್ಲಿಯೂ ಹಳೆಯ ಸೀರೆ ಕೌದಿಯಾಗುತ್ತಿತ್ತು, ಹಲಸಿನ ಬೀಜ ಸಾರಿಗೆ ಬೀಳುತ್ತಿತ್ತು, ಬಚ್ಚಲ ನೀರು ಬಾಳೆಯ ಬುಡಕ್ಕೆ ಹರಿಯುತ್ತಿತ್ತು.

ನನ್ನ ತಿಳುವಳಿಕೆಯಲ್ಲಿ ಆ ಬದುಕನ್ನು ನಡೆಸುತ್ತಿದ್ದದ್ದು ಮನೆಯ ಲೆಕ್ಕಾಚಾರ. ಆ ಲೆಕ್ಕದಲ್ಲಿ ವಸ್ತು ತುಟ್ಟಿಯಾಗಿತ್ತು, ದುಡಿಮೆ ಅಗ್ಗವಾಗಿತ್ತು, ಹೆಂಗಸರ ದುಡಿಮೆಯಂತೂ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮುರಿದದ್ದನ್ನು ಸರಿಮಾಡಿಕೊಡುವ ಕೈಗಳು ಊರೊಳಗೇ ಇದ್ದವು. ಇಷ್ಟೆಲ್ಲ ಆದ ಮೇಲೂ ಉಳಿದು ಹೊರಗೆ ಬೀಳುತ್ತಿದ್ದದ್ದು ಮಣ್ಣಿನಲ್ಲಿ ಕೊಳೆಯುವಂಥದ್ದಾಗಿತ್ತು. ಇವು ಕೂಡಿದ್ದರಿಂದ ಯಾರೂ ಉದ್ದೇಶಿಸದಿದ್ದರೂ ಪರಿಸರಕ್ಕೆ ಹಿತವಾದ ಒಂದು ಬಾಳುವೆ ರೂಪುಗೊಂಡಿತ್ತು. ಅದಕ್ಕೆ ತೆತ್ತ ಬೆಲೆಯೂ ಇತ್ತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ಬಟ್ಟೆಯನ್ನು ನೋಡೋಣ, ಏಕೆಂದರೆ ಈ ಲೆಕ್ಕಾಚಾರ ಬಟ್ಟೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಹತ್ತಿ ಬಿಡಿಸಿ, ಹಿಂಜಿ, ನೂತು, ಬಣ್ಣ ಹಾಕಿ, ಮಗ್ಗಕ್ಕೆ ಏರಿಸಿ ಒಂದು ಸೀರೆ ಮೈಗೆ ಬರುವ ಹೊತ್ತಿಗೆ ಅದರಲ್ಲಿ ಹಲವು ಜನರ ಹಲವು ದಿನಗಳ ದುಡಿಮೆ ಸೇರಿರುತ್ತಿತ್ತು. ಗಿರಣಿಯ ಬಟ್ಟೆ ಬಂದ ಮೇಲೆಯೂ ಸಾಮಾನ್ಯ ಕುಟುಂಬವೊಂದು ಹೊಸ ಬಟ್ಟೆ ಕೊಳ್ಳುತ್ತಿದ್ದದ್ದು ಹಬ್ಬಕ್ಕೋ ಮದುವೆಗೋ ಮಾತ್ರ. ಆದ್ದರಿಂದ ಸೀರೆ ಒಂದೇ ಸಲಕ್ಕೆ ಹಳೆಯದಾಗುತ್ತಿರಲಿಲ್ಲ. ಮೊದಲು ಹೊರಗೆ ಉಡುವುದು, ಆಮೇಲೆ ಮನೆಯಲ್ಲಿ ಉಡುವುದು, ಸೆರಗು ಹರಿದರೆ ಗಟ್ಟಿಯಾಗಿ ಉಳಿದ ಭಾಗದಲ್ಲಿ ಲಂಗವನ್ನೋ ರವಿಕೆಯನ್ನೋ ಹೊಲಿಸುವುದು, ಒಗೆದು ಒಗೆದು ಮೆತ್ತಗಾದ ತುಂಡನ್ನು ಹಸುಗೂಸಿಗೆ ಸುತ್ತುವುದು, ಉದ್ದನೆಯ ಭಾಗವನ್ನು ತೊಲೆಗೆ ಕಟ್ಟಿ ಜೋಲಿ ಮಾಡುವುದು, ಕಡೆಗೆ ಒರೆಸುವ ಬಟ್ಟೆ, ಮಸಿಬಟ್ಟೆ, ದೀಪದ ಬತ್ತಿ. ಮಗುವಿಗೆ ಹಳೆಯ ಬಟ್ಟೆಯನ್ನೇ ಹಾಕುವ ವಾಡಿಕೆಯನ್ನು ಇಂದಿಗೂ ಅನೇಕ ಮನೆಗಳಲ್ಲಿ ಕಾಣಬಹುದು, ಮತ್ತು ಅದಕ್ಕೆ ಸರಿಯಾದ ಕಾರಣವೂ ಇದೆ: ಹೊಸ ಬಟ್ಟೆಯ ಗಂಜಿ ಎಳೆಯ ಚರ್ಮಕ್ಕೆ ಒರಟಾಗುತ್ತದೆ.

ಈ ದಾರಿಯಲ್ಲಿ ಬಹಳ ಸೊಗಸಾದ ನಿಲ್ದಾಣವೆಂದರೆ ಕೌದಿ. ಉತ್ತರ ಕರ್ನಾಟಕದ ಊರುಗಳಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸಾಲು ಸಾಲಾಗಿ ದಾರದ ಹೊಲಿಗೆ ಹಾಕಿ ಹೆಂಗಸರು ಇದನ್ನು ಹೊಲಿಯುತ್ತಾರೆ. ಒಂದೊಂದೇ ಆಗಿದ್ದರೆ ಹರಿದುಹೋಗುವ ಹಳೆಯ ಬಟ್ಟೆಗಳು ಪದರಗಳಾಗಿ ಕೂಡಿದಾಗ ಗಟ್ಟಿಯಾಗುತ್ತವೆ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಬೆಚ್ಚಗಿಡುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗೆ ತನ್ನದೇ ಆದ ಕ್ರಮವಿದೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿನ ಕಡೆಗೆ ಹೊಲಿಯುತ್ತಾ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಿಚಿ ಹೂವುಗಳಂತೆ ಕೂರಿಸಿದ ಮೇಲೆಯೇ ಅದು ಮುಗಿದಂತೆ. ಈ ಕೌದಿಗಳು ಇಂದು ಕಲಾಕೃತಿಗಳೆಂದು ದೇಶ ವಿದೇಶಗಳಲ್ಲಿ ಪ್ರದರ್ಶನಗೊಂಡಿವೆ. ಮಿತವಾಗಿ ಬದುಕಿದವರಿಗೆ ಚೆಲುವಿನ ಬಗ್ಗೆ ಯೋಚಿಸಲು ಬಿಡುವಿರಲಿಲ್ಲ ಎಂದು ತಿಳಿದವರು ಒಂದು ಕೌದಿಯನ್ನು ಬಿಸಿಲಿನಲ್ಲಿ ಹರವಿ ನೋಡಬೇಕು.

ಅಡುಗೆಮನೆಯ ವಿಷಯದಲ್ಲಿ ಕನ್ನಡನಾಡಿನ ಬೇರೆ ಬೇರೆ ಸೀಮೆಗಳು ಬೇರೆ ಬೇರೆ ದಾರಿ ಹಿಡಿದಿವೆ. ಕರಾವಳಿಯಲ್ಲಿ ಕಲ್ಲಂಗಡಿಯ ಕೆಂಪು ತಿರುಳು ತಿಂದು ಉಳಿದ ಬಿಳಿಯ ಭಾಗ ಅಕ್ಕಿಯ ಜೊತೆ ರುಬ್ಬಿ ದೋಸೆಯಾಗುತ್ತದೆ. ಮಲೆನಾಡಿನಲ್ಲಿ ದಾಳಿಂಬೆಯ ಸಿಪ್ಪೆ ತಂಬುಳಿಯಾಗುತ್ತದೆ, ಹಲಸಿನ ತೊಳೆ ಉಪ್ಪುನೀರಿನಲ್ಲಿ ಮುಳುಗಿ ಮಳೆಗಾಲಕ್ಕೆ ಕಾಯುತ್ತದೆ, ಬೀಜ ಸುಟ್ಟು ತಿನ್ನಲು ಬರುತ್ತದೆ. ಬಯಲುಸೀಮೆಯಲ್ಲಿ ಹೀರೇಕಾಯಿಯ ಸಿಪ್ಪೆ ಚಟ್ನಿಗೆ, ಬಾಳೆಯ ದಿಂಡು ಪಲ್ಯಕ್ಕೆ, ರಾತ್ರಿ ಉಳಿದ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವುದಕ್ಕೆ. ಉತ್ತರದಲ್ಲಿ ಜೋಳದ ರೊಟ್ಟಿಯನ್ನು ತೆಳ್ಳಗೆ ತಟ್ಟಿ, ಒಣಗಿಸಿ, ಬಹಳ ದಿನ ಕೆಡದಂತೆ ಇಡುತ್ತಾರೆ. ಅಕ್ಕಿ ತೊಳೆದ ನೀರು, ಉಳಿದ ಗಂಜಿ, ಕಾಯಿಪಲ್ಲೆಯ ತೊಟ್ಟು ಇವೆಲ್ಲ ಕಲಗಚ್ಚಿನ ಬಾನಿಗೆ ಸೇರಿ ಹಸುವಿನ ಹೊಟ್ಟೆಗೆ ಹೋಗುತ್ತಿದ್ದವು. ಹಸುವಿನ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಗದ್ದೆಗೆ. ಇಲ್ಲಿ ಕೊರತೆಯ ನೆನಪೂ ಕೆಲಸ ಮಾಡಿದೆ ಎಂಬುದನ್ನು ಮರೆಯುವಂತಿಲ್ಲ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡುವಂತೆ ದೇಶಕ್ಕೆ ಕರೆ ಕೊಟ್ಟ ಕಾಲವನ್ನು ಕಂಡವರು ತಟ್ಟೆಯಲ್ಲಿ ಅಗುಳು ಬಿಡುವುದನ್ನು ಸಹಿಸದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಪಾತ್ರೆ ತೊಳೆಯಲು ಒಲೆಯ ಬೂದಿ ಮತ್ತು ತೆಂಗಿನ ನಾರು ಸಾಕಾಗುತ್ತಿದ್ದವು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಅದು ನೀರಿನೊಡನೆ ಕ್ಷಾರವಾಗಿ ಜಿಡ್ಡನ್ನು ಬಿಡಿಸುತ್ತದೆ. ತಾಮ್ರ ಹಿತ್ತಾಳೆಗಳನ್ನು ಬೆಳಗಲು ಸಾರಿಗೆ ಕಿವುಚಿ ಉಳಿದ ಹುಣಸೆಯ ಚರಟ ಬಳಕೆಯಾಗುತ್ತಿತ್ತು, ಅದರ ಹುಳಿ ಲೋಹದ ಮೇಲಿನ ಕಪ್ಪನ್ನು ಕರಗಿಸುತ್ತದೆ. ತಲೆಗೆ ಸೀಗೆಕಾಯಿ ಅಥವಾ ಅಂಟುವಾಳ, ಮೈಗೆ ಕಡಲೆಹಿಟ್ಟು. ಬಚ್ಚಲ ನೀರನ್ನು ನೇರವಾಗಿ ಬಾಳೆಗೆ, ಕೆಸುವಿಗೆ ಬಿಡಲು ಸಾಧ್ಯವಾದದ್ದು ಈ ಕಾರಣದಿಂದಲೇ.

ಮನೆಯೊಳಗಿನ ಜಾಣತನವನ್ನು ನಾವು ಆಗಾಗ ನೆನೆಯುತ್ತೇವೆ, ಆದರೆ ಅದರ ಹಿಂದೆ ನಿಂತಿದ್ದ ಕಸುಬುದಾರರನ್ನು ನೆನೆಯುವುದು ಕಡಿಮೆ. ಹುಳಿ ಬಿದ್ದರೆ ತಾಮ್ರ ಹಿತ್ತಾಳೆಯ ಪಾತ್ರೆಯಲ್ಲಿ ಕಿಲುಬು ಬಿಟ್ಟು ಅಡುಗೆ ವಿಷವಾಗುತ್ತದೆ, ಆದ್ದರಿಂದ ಒಳಮೈಗೆ ಕಲಾಯಿ, ಅಂದರೆ ತವರದ ತೆಳು ಲೇಪ, ಬೇಕು. ಕಲಾಯಿಗಾರರು ಬೀದಿಯ ಬದಿಯಲ್ಲಿ ನೆಲ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ ಪಾತ್ರೆಯನ್ನು ಕಾಯಿಸುತ್ತಿದ್ದರು; ನವಸಾಗರದ ಪುಡಿ ಉದುರಿಸಿದಾಗ ಬಿಳಿಯ ಹೊಗೆ ಏಳುತ್ತಿತ್ತು, ಲೋಹದ ಮೈ ಶುದ್ಧವಾಗುತ್ತಿತ್ತು; ಆಮೇಲೆ ತವರವನ್ನು ತಾಗಿಸಿದರೆ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಆ ಲೋಹ ಬಟ್ಟೆಯ ಒಂದು ಒರಸಿಗೆ ಬೆಳ್ಳಿಯಂತೆ ಹರಡಿಕೊಳ್ಳುತ್ತಿತ್ತು. ಹೀಗೆ ಮತ್ತೆ ಮತ್ತೆ ಕಲಾಯಿ ಹಾಕಿಸಿಕೊಂಡ ಪಾತ್ರೆ ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ದಾಟುತ್ತಿತ್ತು. ಕೊಡೆ ರಿಪೇರಿಯವರು, ಚಾಕು ಸಾಣೆ ಹಿಡಿಯುವವರು, ಬೀಸುವ ಕಲ್ಲಿಗೆ ಮುಳ್ಳು ಹೊಡೆಯುವವರು, ಹಾಸಿಗೆಯ ಹತ್ತಿ ಹಿಂಜುವವರು ಇವರೆಲ್ಲ ಇದ್ದದ್ದರಿಂದಲೇ ವಸ್ತುಗಳು ಬಾಳಿದವು.

ಇದಕ್ಕಿಂತ ಆಳವಾದ ವ್ಯವಸ್ಥೆಯೆಂದರೆ ಹಳ್ಳಿಗಳ ಆಯ. ಬಡಿಗ, ಕಮ್ಮಾರ ಮೊದಲಾದ ಆಯಗಾರರಿಗೆ ರೈತನು ಪ್ರತಿ ಕೆಲಸಕ್ಕೆ ಬೇರೆ ಬೇರೆ ಹಣ ಕೊಡದೆ, ಸುಗ್ಗಿಯಲ್ಲಿ ಕಣದಿಂದಲೇ ಇಷ್ಟು ಧಾನ್ಯವೆಂದು ವರ್ಷಕ್ಕೊಮ್ಮೆ ಅಳೆದುಕೊಡುತ್ತಿದ್ದನು. ನೇಗಿಲು ಎಷ್ಟು ಸಲ ಮುರಿದರೂ ಆಯ ಅಷ್ಟೇ ಆದ್ದರಿಂದ, ಗಟ್ಟಿಯಾದ ನೇಗಿಲು ಮಾಡಿಕೊಡುವುದು ಬಡಿಗನಿಗೂ ಲಾಭವಾಗಿತ್ತು. ವಸ್ತು ಬೇಗ ಕೆಟ್ಟಷ್ಟೂ ತಯಾರಕನಿಗೆ ಲಾಭವಾಗುವ ಇಂದಿನ ಮಾರುಕಟ್ಟೆಗೆ ಇದು ನೇರ ವಿರುದ್ಧ. ಆದರೆ ಯಾರು ಯಾವ ಕೆಲಸ ಮಾಡಬೇಕೆಂಬುದನ್ನು ಅಲ್ಲಿ ಹುಟ್ಟು ನಿರ್ಧರಿಸುತ್ತಿತ್ತು, ಯಾರಿಗೆ ಎಷ್ಟು ಆಯ ಎಂಬುದರಲ್ಲಿ ಜಾತಿಯ ಏಣಿಯೇ ಇತ್ತು, ಕಣದ ಅಂಚಿನಲ್ಲಿ ನಿಂತು ಬೇಡಬೇಕಾದವರೂ ಇದ್ದರು. ಆ ವ್ಯವಸ್ಥೆಯನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳುವುದು ಅನ್ಯಾಯ.

ಬೆಲೆಯ ಮಾತು ಬಂದದ್ದರಿಂದ ಉಳಿದದ್ದನ್ನೂ ಹೇಳಬೇಕು. ಬೀಸುವುದು, ಕುಟ್ಟುವುದು, ನೀರು ಹೊರುವುದು, ಸೌದೆ ಆರಿಸುವುದು, ಸಗಣಿ ಬಾಚುವುದು ಇವುಗಳಲ್ಲಿ ಬಹುಪಾಲನ್ನು ಹೆಂಗಸರೂ ಮಕ್ಕಳೂ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅಳವಡಿಸುವ ‘ಅಸ್ತ್ರ’ (ASTRA) ಕೇಂದ್ರದವರು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಶಕ್ತಿಬಳಕೆಯನ್ನು ಅಳೆದಾಗ, ಊರಿನ ಶಕ್ತಿಯ ಅತಿ ದೊಡ್ಡ ಮೂಲ ಸೌದೆಯೇ ಎಂದೂ, ಅದನ್ನು ತರುವ ಮತ್ತು ಉರಿಸುವ ಹೊರೆಯಲ್ಲಿ ಹೆಂಗಸರ, ಮಕ್ಕಳ ಪಾಲು ಬಹಳ ದೊಡ್ಡದೆಂದೂ ತಿಳಿದುಬಂತು. ಅವರು ರೂಪಿಸಿದ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಬೇಯಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುತ್ತಿತ್ತು. ಅದಕ್ಕೆ ಮುಂಚಿನ ತಲೆಮಾರುಗಳ ತಾಯಂದಿರು ಆ ಹೊಗೆಯನ್ನು ಕಣ್ಣಿಗೂ ಎದೆಗೂ ತುಂಬಿಕೊಂಡೇ ಅಡುಗೆ ಮಾಡಿದರು.

ಕಾಡಿನ ಮೇಲೂ ಹೊರೆ ಇಲ್ಲದಿರಲಿಲ್ಲ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಗೊಬ್ಬರ ಬೇಕಾದ್ದರಿಂದ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ, ಅಂದರೆ ಕಾಡಿನಲ್ಲಿ ಸೊಪ್ಪು ಕಡಿಯುವ, ಹಕ್ಕು ಇತ್ತು. ಹದವರಿತು ಸೊಪ್ಪು ಕಡಿದ ಕಡೆ ಬೆಟ್ಟ ಹಸಿರಾಗಿಯೇ ಉಳಿಯಿತು, ಹದ ತಪ್ಪಿದ ಕಡೆ ಬೋಳಾಯಿತು.

ಹಾಗಾದರೆ ಅದೇ ಹಿರಿಯರು ಬಾಳಿದ ಊರುಗಳ ಚರಂಡಿಗಳಲ್ಲಿ ಇಂದು ಪ್ಲಾಸ್ಟಿಕ್ ತುಂಬಿದ್ದು ಹೇಗೆ? ಜನ ಕೆಟ್ಟರು ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಹಿರಿಯರೂ ಬಿಸಾಡುತ್ತಿದ್ದರು. ಉಂಡ ಮುತ್ತುಗದ ಎಲೆ, ದೊನ್ನೆ, ಒಡೆದ ಮಡಕೆ, ಹರಿದ ಚಾಪೆ, ಹಳೆಯ ಪೊರಕೆ ಎಲ್ಲವೂ ಹಿತ್ತಲಿಗೆ ಅಥವಾ ತಿಪ್ಪೆಗೆ ಬೀಳುತ್ತಿದ್ದವು. ಹೆಚ್ಚಿನವು ಒಂದೆರಡು ಮಳೆಗೆ ಕರಗಿ ಗೊಬ್ಬರವಾಗುತ್ತಿದ್ದವು, ಮಡಕೆಯ ಚೂರು ಮಣ್ಣಿಗೇ ಸೇರುತ್ತಿತ್ತು. 1980ರ ದಶಕದಿಂದ ಶಾಂಪೂ, ಗುಟ್ಕಾ, ಹಾಲು, ಎಣ್ಣೆ ಎಲ್ಲವೂ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಬರತೊಡಗಿದಾಗ ಕೈಯ ರೂಢಿ ಬದಲಾಗಲಿಲ್ಲ, ಕೈಯಲ್ಲಿದ್ದ ವಸ್ತು ಬದಲಾಯಿತು. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು; ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶದಾದ್ಯಂತ ನಿಷೇಧ ಬಂದದ್ದು 2022ರ ಜುಲೈ 1ರಿಂದ. ನಿಷೇಧಗಳು ಎಷ್ಟರಮಟ್ಟಿಗೆ ನಡೆಯುತ್ತಿವೆ ಎಂಬುದನ್ನು ಯಾವ ಸಂತೆಯಲ್ಲಾದರೂ ನೋಡಬಹುದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಸೌದೆ ಒಲೆಗೆ ಮರಳಬೇಕಾಗಿಲ್ಲ. ಗ್ಯಾಸ್ ಒಲೆಯ ಮೇಲಿನ ಕುಕ್ಕರ್, ಬೇಳೆಯನ್ನು ರಾತ್ರಿಯೇ ನೆನೆಹಾಕುವ ಅಭ್ಯಾಸ, ಇವೆರಡೂ ಕೂಡಿದರೆ ಈ ಕಾಲಕ್ಕೆ ತಕ್ಕ ಉಳಿತಾಯವಾಗುತ್ತದೆ. ತರಕಾರಿ, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಬಹುದು, ಆದರೆ ಡಿಟರ್ಜೆಂಟ್ ಬೆರೆತ ನೀರನ್ನು ಹಾಕುವ ಮುನ್ನ ಯೋಚಿಸಬೇಕು, ಏಕೆಂದರೆ ಅದರ ಉಪ್ಪಿನಂಶ ಮಣ್ಣನ್ನು ಕೆಡಿಸುತ್ತದೆ. ಸಿಪ್ಪೆಯ ಅಡುಗೆ ಮಾಡುವಾಗ ಸಿಪ್ಪೆಯ ಮೇಲೆಯೇ ಹೆಚ್ಚಾಗಿ ಉಳಿಯುವ ಕೀಟನಾಶಕವನ್ನು ನೆನಪಿಟ್ಟುಕೊಂಡು, ಹಿತ್ತಲಲ್ಲಿ ಬೆಳೆದದ್ದನ್ನೋ ಮೂಲ ಗೊತ್ತಿರುವುದನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ಹಳೆಯ ಬಟ್ಟೆಯ ಚೀಲ, ಹೋಟೆಲಿಗೆ ಒಯ್ಯುವ ಡಬ್ಬಿ, ಸಮಾರಂಭಕ್ಕೆ ಬಾಳೆಲೆ ಅಥವಾ ಅಡಿಕೆ ಹಾಳೆಯ ತಟ್ಟೆ ಇವು ಯಾರಿಗೂ ಕಷ್ಟವಾಗುವಂಥವಲ್ಲ. ಕಸ ಬೇರ್ಪಡಿಸುವುದು, ಡಬ್ಬಿ ತೊಳೆದಿಡುವುದು, ಗೊಬ್ಬರದ ಬುಟ್ಟಿ ಕೆದಕುವುದು ಮತ್ತೆ ಮನೆಯ ಹೆಂಗಸೊಬ್ಬಳ ತಲೆಗೇ ಬೀಳದಂತೆ ಗಂಡಸರೂ ಮಕ್ಕಳೂ ಪಾಲು ಹಂಚಿಕೊಳ್ಳುವುದನ್ನು ನಾನು ಇವೆಲ್ಲಕ್ಕಿಂತ ಮೊದಲಿಗೆ ಇಡುತ್ತೇನೆ.

ಎರಡನೆಯದು ರಿಪೇರಿ. ಧಾರವಾಡ, ಹುಬ್ಬಳ್ಳಿಯ ಕಡೆ ಹಳೆಯ ಬಟ್ಟೆ ಕೊಟ್ಟರೆ ಕೌದಿ ಹೊಲಿದುಕೊಡುವ ಹೆಂಗಸರು ಇಂದಿಗೂ ಇದ್ದಾರೆ. ಹಳೆಯ ಪೇಟೆಗಳ ಓಣಿಗಳಲ್ಲಿ ಹುಡುಕಿದರೆ ಕಲಾಯಿ ಹಾಕುವವರೂ ಸಿಗುತ್ತಾರೆ. ಇಂಥವರಿಗೆ ಕೆಲಸ ಕೊಡುವಾಗ ಹೊಸ ಹೊದಿಕೆಯ ಬೆಲೆಯನ್ನು ಎದುರಿಗಿಟ್ಟು ಚೌಕಾಸಿ ಮಾಡದೆ, ಅವರು ಕೂತು ಹೊಲಿಯುವ ದಿನಗಳನ್ನು ಲೆಕ್ಕ ಹಾಕಿ ಕೂಲಿ ಕೊಡಿ.