ಕರಪತ್ರದಲ್ಲಿ ಇಲ್ಲದ ಪದ: ‘ಮಿಲ್ಕ್’ ಚಿತ್ರದ ಹಿಂದಿನ ಮೂವತ್ತು ವರ್ಷ

ವರ್ಷ 1978, ಊರು ಸ್ಯಾನ್ ಫ್ರಾನ್ಸಿಸ್ಕೋ. ಸಲಿಂಗಿ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಂದ ಹೊರಹಾಕಬೇಕೆಂಬ ಪ್ರಸ್ತಾವವೊಂದು ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಬರಲಿದೆ. ಅದನ್ನು ಸೋಲಿಸಲೆಂದು ಊರಿನ ಹಣವಂತ, ಪ್ರಭಾವಿ ಗೇ ಮುಖಂಡರು ಒಂದು ಕರಪತ್ರ ಸಿದ್ಧಮಾಡಿ, ಬಹಿರಂಗವಾಗಿ ಗೇ ಆಗಿದ್ದ ನಗರಸಭೆ ಸದಸ್ಯ ಹಾರ್ವೆ ಮಿಲ್ಕ್ ಅವರ ಕೈಗೆ ಕೊಡುತ್ತಾರೆ. ಮಿಲ್ಕ್ ಅದನ್ನು ಓದುತ್ತಾರೆ. ಹಕ್ಕಿನ ಮಾತೆಲ್ಲ ಇದೆ, ‘ಗೇ’ ಎಂಬ ಪದ ಮಾತ್ರ ಇಲ್ಲ. ಮಿಲ್ಕ್‌ಗೆ ಸಿಟ್ಟು ನೆತ್ತಿಗೇರುತ್ತದೆ. ಯಾರ ಕೆಲಸ ಹೋಗಲಿದೆಯೋ ಅವರ ಸುದ್ದಿಯನ್ನೇ ಎತ್ತದೆ ಅವರ ಪರವಾಗಿ ವೋಟು ಕೇಳುವುದು ಹೇಗೆ?

ಗಸ್ ವ್ಯಾನ್ ಸ್ಯಾಂಟ್ ನಿರ್ದೇಶಿಸಿದ ‘ಮಿಲ್ಕ್’ ಚಿತ್ರದಲ್ಲಿ ಈ ದೃಶ್ಯ ಬಂದುಹೋಗುವುದು ಸ್ವಲ್ಪವೇ ಹೊತ್ತು. ನನಗೆ ಇಡೀ ಚಿತ್ರದ ಬೇರು ಅಲ್ಲೇ ಇದೆ ಅನಿಸುತ್ತದೆ. 2008ರ ಕೊನೆಯಲ್ಲಿ ಚಿತ್ರ ತೆರೆಗೆ ಬಂದಾಗ ಕ್ಯಾಲಿಫೋರ್ನಿಯಾ ಅದೇ ತಪ್ಪನ್ನು ಇನ್ನೊಮ್ಮೆ ಮಾಡಿ, ಸೋತು ಕೂತಿತ್ತು. ಅದು ಹೇಗೆಂದು ತಿಳಿಯಲು ಹಿಂದಕ್ಕೆ ಹೋಗಬೇಕು.

ಮೊದಲು ಪದದ ವಿಷಯ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಪದ ‘ಸಲಿಂಗಕಾಮಿ’. ಒಬ್ಬ ಮನುಷ್ಯನ ಪ್ರೀತಿ, ಸಂಸಾರ, ಒಡನಾಟವನ್ನೆಲ್ಲ ‘ಕಾಮ’ ಎಂಬ ಒಂದೇ ಮಾತಿಗೆ ಇಳಿಸುವ ಪದ ಅದು. ಹಾಗಾಗಿ ಇಲ್ಲಿ ಸಲಿಂಗಿ ಅಥವಾ ಗೇ ಎಂದೇ ಬರೆಯುತ್ತೇನೆ.

ಮಿಲ್ಕ್ ಹುಟ್ಟಿದ್ದು 1930ರ ಮೇ 22ರಂದು, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ಒಂದು ಯಹೂದಿ ಕುಟುಂಬದಲ್ಲಿ. ಕೊರಿಯಾ ಯುದ್ಧದ ಕಾಲದಲ್ಲಿ ನೌಕಾಪಡೆ ಸೇರಿದರು. ಸಲಿಂಗಿ ಎಂಬ ಕಾರಣಕ್ಕೆ 1955ರಲ್ಲಿ ಅಲ್ಲಿಂದ ಹೊರಬೀಳಬೇಕಾಯಿತು. ಆಮೇಲೆ ಮೇಷ್ಟ್ರಾದರು, ವಿಮಾ ಕಂಪನಿಯಲ್ಲಿ ಲೆಕ್ಕ ನೋಡಿದರು, ವಾಲ್ ಸ್ಟ್ರೀಟ್‌ನಲ್ಲಿ ದುಡಿದರು, ನಾಟಕದವರ ಜೊತೆ ಸೇರಿಕೊಂಡರು. 1964ರಲ್ಲಿ ಬಲಪಂಥೀಯ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಪರ ಪ್ರಚಾರ ಮಾಡಿದ್ದ ಮನುಷ್ಯ ಮುಂದೆ ಎಡಪಂಥೀಯರ ಕಣ್ಮಣಿಯಾದರು. ನಲವತ್ತರ ಹೊಸ್ತಿಲವರೆಗೂ ಅವರ ಸಲಿಂಗಿ ಬದುಕು ಮನೆಯವರಿಂದ, ಕಚೇರಿಯಿಂದ ಮುಚ್ಚಿಟ್ಟ ಬದುಕೇ. ಚಿತ್ರದ ಕಥೆ ಶುರುವಾಗುವುದು ಆ ನಲವತ್ತರ ಹುಟ್ಟುಹಬ್ಬದಿಂದ. ಇಷ್ಟು ವರ್ಷ ಬದುಕಿ ಹೆಮ್ಮೆಪಡುವಂಥದ್ದು ಒಂದನ್ನೂ ಮಾಡಲಿಲ್ಲವಲ್ಲ ಎಂಬ ಕೊರಗು ಅಂದು ಅವರ ಬಾಯಲ್ಲಿ ಬರುತ್ತದೆ.

ಸಂಗಾತಿ ಸ್ಕಾಟ್ ಸ್ಮಿತ್ ಜೊತೆ 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮಿಲ್ಕ್ ಮರುವರ್ಷ 575, ಕ್ಯಾಸ್ಟ್ರೋ ಸ್ಟ್ರೀಟ್‌ನಲ್ಲಿ ಒಂದು ಕ್ಯಾಮೆರಾ ಅಂಗಡಿ ತೆರೆದರು. ತೊಳೆಸಲು ಕೊಟ್ಟಿದ್ದ ಒಂದು ಫಿಲ್ಮ್ ರೋಲನ್ನು ಯಾರೋ ಹಾಳುಮಾಡಿದ್ದೇ ಅದಕ್ಕೆ ನೆಪ. ಐರಿಷ್ ಕ್ಯಾಥೊಲಿಕ್ ಕೂಲಿಕಾರ್ಮಿಕರ ಕೇರಿ ಅದು. ಅವರೆಲ್ಲ ಹೊರವಲಯದ ಬಡಾವಣೆಗಳಿಗೆ ಹೋಗತೊಡಗಿದ್ದರಿಂದ ಹಳೆಯ ಮರದ ಮನೆಗಳು ಅಗ್ಗಕ್ಕೆ ಸಿಗುತ್ತಿದ್ದವು. ಮನೆಯಿಂದ ಹೊರಬಿದ್ದ, ಊರು ಬಿಟ್ಟು ಓಡಿಬಂದ ಹುಡುಗರು ದೇಶದ ಮೂಲೆಮೂಲೆಯಿಂದ ಬಂದು ಅಲ್ಲಿ ನೆಲೆಯೂರಿದರು. ಮಿಲ್ಕ್ ಅಂಗಡಿಯಲ್ಲಿ ಒಂದು ಹಳೆಯ ಸೋಫಾ, ಬಂದವರು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಫಿಲ್ಮ್ ಕೊಳ್ಳಲು ಬಂದವರಿಗಿಂತ ಮನೆ ಸಿಗದವರು, ಪೊಲೀಸರ ಲಾಠಿ ತಿಂದವರು, ಕೆಲಸ ಹುಡುಕುವವರೇ ಹೆಚ್ಚು. ನಮ್ಮ ಊರುಗಳಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕದ ಕ್ಷೌರದಂಗಡಿ, ಟೀ ಅಂಗಡಿಗಳಿಗೆ ಬರುವ ಕಳೆ ಅದು.

ರಾಜಕೀಯಕ್ಕೆ ಅವರನ್ನು ಎಳೆದದ್ದು ಸಣ್ಣ ಸಣ್ಣ ಸಂಗತಿಗಳು. ಮಾರಾಟ ತೆರಿಗೆಗೆ ಮುಂಗಡ ಠೇವಣಿ ಕಟ್ಟು ಎಂದು ಅಧಿಕಾರಿಯೊಬ್ಬ ಅಂಗಡಿಗೆ ಬಂದ. ಶಾಲೆಯ ಪ್ರೊಜೆಕ್ಟರ್ ಕೆಟ್ಟಿದೆ, ನಿಮ್ಮದನ್ನು ಕೊಡುತ್ತೀರಾ ಎಂದು ಶಿಕ್ಷಕಿಯೊಬ್ಬರು ಬಂದರು. ಚಿಕ್ಕ ಅಂಗಡಿಯವನಿಂದ ಕಿತ್ತುಕೊಳ್ಳುವ ಸರ್ಕಾರಕ್ಕೆ ಶಾಲೆಗೆ ಕೊಡಲು ದುಡ್ಡಿಲ್ಲವೇ ಎಂದು ಕೆರಳಿದ ಮಿಲ್ಕ್ 1973ರಲ್ಲಿ ನಗರಸಭೆಗೆ ನಿಂತರು. ಸೋತರು. 1975ರಲ್ಲಿ ಉದ್ದ ಕೂದಲು ಕತ್ತರಿಸಿ, ಮೀಸೆ ಬೋಳಿಸಿ, ಸೂಟು ತೊಟ್ಟು ಮತ್ತೆ ನಿಂತರು. ಮತ್ತೆ ಸೋಲು. 1976ರಲ್ಲಿ ರಾಜ್ಯ ಶಾಸನಸಭೆಗೆ ನಿಂತು ಮೂರನೇ ಸಲ ಸೋತರು.

ಈ ಸೋಲುಗಳ ನಡುವೆ ಅವರು ಕಟ್ಟಿದ ಸಂಬಂಧಗಳಿವೆಯಲ್ಲ, ಅವು ಮುಖ್ಯ. ಕೂರ್ಸ್ ಬಿಯರ್ ಕಂಪನಿಯ ವಿರುದ್ಧ ಹೋರಾಡುತ್ತಿದ್ದ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘದ ಅಲನ್ ಬೇರ್ಡ್ ಸಹಾಯ ಕೇಳಿ ಬಂದಾಗ ಮಿಲ್ಕ್ ಕೂಡಲೇ ಒಪ್ಪಿದರು. ಗೇ ಬಾರುಗಳಲ್ಲಿ ಕೂರ್ಸ್ ಮಾರಾಟ ನಿಲ್ಲಿಸಿದರು. ಪ್ರತಿಯಾಗಿ ಕೇಳಿದ್ದು ಒಂದೇ: ನಿಮ್ಮ ಲಾರಿಗಳಿಗೆ ಗೇ ಚಾಲಕರನ್ನೂ ತೆಗೆದುಕೊಳ್ಳಿ. ಒರಟು ಮಾತಿನ ಲಾರಿ ಚಾಲಕರೂ ಕ್ಯಾಸ್ಟ್ರೋದ ಹುಡುಗರೂ ಒಂದಾದದ್ದು ಹೀಗೆ. ಮೂವತ್ತು ವರ್ಷದ ನಂತರ ಅದೇ ಬೇರ್ಡ್ ಚಿತ್ರದಲ್ಲಿ ತಾವಾಗಿಯೇ ಒಮ್ಮೆ ಕಾಣಿಸಿಕೊಂಡಿದ್ದಾರೆ.

ಗೆಲುವಿಗೆ ಬಾಗಿಲು ತೆರೆದದ್ದು ಚುನಾವಣೆಯ ನಿಯಮದ ಬದಲಾವಣೆ. ಇದನ್ನು ಚಿತ್ರ ಬೇಗ ದಾಟಿಬಿಡುತ್ತದೆ, ಆದರೆ ವಾರ್ಡು ರಾಜಕೀಯ ಬಲ್ಲ ನಮಗೆ ಚೆನ್ನಾಗಿ ಅರ್ಥವಾಗುವ ಸಂಗತಿ. ಅಲ್ಲಿಯವರೆಗೆ ನಗರಸಭೆಯ ಹನ್ನೊಂದೂ ಸ್ಥಾನಗಳಿಗೆ ಇಡೀ ಊರೇ ಮತ ಹಾಕುತ್ತಿತ್ತು. ದುಡ್ಡಿದ್ದವರು, ದೊಡ್ಡ ಪತ್ರಿಕೆಗಳ ಬೆಂಬಲವಿದ್ದವರು ಗೆಲ್ಲುತ್ತಿದ್ದರು. 1977ರಲ್ಲಿ ಊರನ್ನು ಹನ್ನೊಂದು ಕ್ಷೇತ್ರಗಳಾಗಿ ಒಡೆದರು. ಕ್ಯಾಸ್ಟ್ರೋ ಕೇರಿ ತನ್ನವನನ್ನು ತಾನೇ ಆರಿಸುವಂತಾಯಿತು. ಐದನೇ ಕ್ಷೇತ್ರದಿಂದ ಮಿಲ್ಕ್ ಗೆದ್ದರು. ಅದೇ ನಿಯಮದಿಂದ ಊರಿನ ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬ ಗೆದ್ದ. ಹಿಂದೆ ಪೊಲೀಸನಾಗಿ, ಅಗ್ನಿಶಾಮಕ ದಳದವನಾಗಿ ದುಡಿದಿದ್ದ ಡಾನ್ ವೈಟ್.

ಒಂದು ತಪ್ಪು ತಿಳಿವಳಿಕೆ ಹರಡಿದೆ. ಅಮೆರಿಕದಲ್ಲಿ ಚುನಾವಣೆ ಗೆದ್ದ ಮೊದಲ ಬಹಿರಂಗ ಸಲಿಂಗಿ ಮಿಲ್ಕ್ ಅಲ್ಲ. 1974ರಲ್ಲೇ ಮಿಷಿಗನ್‌ನ ಆನ್ ಆರ್ಬರ್ ನಗರಸಭೆಗೆ ಕ್ಯಾಥಿ ಕೊಜಾಚೆಂಕೊ, ಮ್ಯಾಸಚೂಸೆಟ್ಸ್ ಶಾಸನಸಭೆಗೆ ಎಲೇನ್ ನೋಬಲ್ ಆಯ್ಕೆಯಾಗಿದ್ದರು. ಇಬ್ಬರೂ ಹೆಂಗಸರು, ಇಬ್ಬರ ಮೇಲೂ ಹಾಲಿವುಡ್ ದೊಡ್ಡ ಚಿತ್ರ ಮಾಡಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ 1961ರಷ್ಟು ಹಿಂದೆ ಹೋಸೆ ಸಾರಿಯಾ ಎಂಬ ಕಲಾವಿದ ತಾನು ಗೇ ಎಂದು ಹೇಳಿಕೊಂಡೇ ಚುನಾವಣೆಗೆ ನಿಂತಿದ್ದರು. ಮಿಲ್ಕ್ ನಡೆದದ್ದು ಇವರೆಲ್ಲ ತುಳಿದ ಹಾದಿಯಲ್ಲಿ.

ಅಧಿಕಾರದಲ್ಲಿ ಇದ್ದದ್ದು ಹನ್ನೊಂದು ತಿಂಗಳೂ ತುಂಬದಷ್ಟು. ಕೆಲಸ, ಮನೆ ಬಾಡಿಗೆಯ ವಿಷಯದಲ್ಲಿ ಸಲಿಂಗಿಗಳಿಗೆ ಭೇದ ಮಾಡಬಾರದೆಂಬ ನಗರ ಕಾನೂನು ಅವರ ಮುಂದಾಳತ್ವದಲ್ಲಿ ಪಾಸಾಯಿತು. ಹನ್ನೊಂದು ಮಂದಿಯಲ್ಲಿ ವಿರೋಧಿಸಿದವ ಡಾನ್ ವೈಟ್ ಒಬ್ಬನೇ. ನಾಯಿ ಸಾಕುವವರು ಬೀದಿಯಲ್ಲಿ ಅದು ಮಾಡಿದ್ದನ್ನು ತಾವೇ ಎತ್ತಬೇಕೆಂಬ ನಿಯಮವನ್ನೂ ಮಿಲ್ಕ್ ತಂದರು. ಜನ ಹೆಚ್ಚು ಮೆಚ್ಚಿದ್ದು ಅದನ್ನೇ.

ದೇಶದಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಕಿತ್ತಳೆ ರಸದ ಜಾಹೀರಾತಿನಿಂದ ಮನೆಮಾತಾಗಿದ್ದ ಗಾಯಕಿ ಅನಿತಾ ಬ್ರಯಂಟ್, ಮಕ್ಕಳನ್ನು ಕಾಪಾಡಿ ಎಂಬ ಕೂಗೆಬ್ಬಿಸಿ 1977ರ ಜೂನ್‌ನಲ್ಲಿ ಫ್ಲಾರಿಡಾದ ಡೇಡ್ ಕೌಂಟಿಯ ಗೇ ಹಕ್ಕುಗಳ ಕಾನೂನನ್ನು ಜನಮತದಿಂದ ರದ್ದುಮಾಡಿಸಿದರು. ಮರುವರ್ಷ ಸೇಂಟ್ ಪಾಲ್, ವಿಚಿಟಾ, ಯೂಜೀನ್ ನಗರಗಳಲ್ಲೂ ಹಾಗೇ ಆಯಿತು. ಚಿತ್ರದಲ್ಲಿ ಬ್ರಯಂಟ್ ಪಾತ್ರಕ್ಕೆ ನಟಿಯಿಲ್ಲ. ಹಳೆಯ ಟಿವಿ ತುಣುಕುಗಳಲ್ಲಿ ಆಕೆಯೇ ಮಾತಾಡುತ್ತಾರೆ. ಸರಿಯಾದ ನಿರ್ಧಾರ. ಆ ನಗುಮುಖವನ್ನು ಯಾವ ನಟಿ ಮಾಡಿದರೂ ಉತ್ಪ್ರೇಕ್ಷೆ ಎನ್ನುತ್ತಿದ್ದೆವು.

ಆ ಅಲೆಯನ್ನು ಕ್ಯಾಲಿಫೋರ್ನಿಯಾಕ್ಕೆ ತಂದವರು ರಾಜ್ಯ ಸೆನೆಟರ್ ಜಾನ್ ಬ್ರಿಗ್ಸ್. ಅವರ ಪ್ರೊಪೊಸಿಷನ್ 6 ಸಲಿಂಗಿ ಶಿಕ್ಷಕರ ಜೊತೆಗೆ, ಅವರ ಪರ ಬಹಿರಂಗವಾಗಿ ಮಾತಾಡಿದ ಯಾವ ಶಿಕ್ಷಕರನ್ನಾದರೂ ಕೆಲಸದಿಂದ ತೆಗೆಯಲು ಅವಕಾಶ ಕೊಡುತ್ತಿತ್ತು. ಮೊದಮೊದಲ ಸಮೀಕ್ಷೆಗಳಲ್ಲಿ ಅದು ಬಹಳ ಮುಂದಿತ್ತು. ಕರಪತ್ರದ ಜಗಳ ನಡೆದದ್ದು ಈ ಹೊತ್ತಿನಲ್ಲಿ. ಮಿಲ್ಕ್ ವಾದ ಸರಳ: ನಮ್ಮಂಥ ಒಬ್ಬರನ್ನಾದರೂ ಹತ್ತಿರದಿಂದ ಬಲ್ಲವರು ನಮ್ಮ ವಿರುದ್ಧ ಮತ ಹಾಕುವುದು ಕಷ್ಟ. ಹಾಗಾಗಿ ಅಪ್ಪ ಅಮ್ಮನಿಗೆ ಹೇಳಿ, ಗೆಳೆಯರಿಗೆ ಹೇಳಿ, ಅಕ್ಕಪಕ್ಕದವರಿಗೆ ಹೇಳಿ, ಜೊತೆಗೆ ದುಡಿಯುವವರಿಗೆ ಹೇಳಿ. ಇದು ಎಂಥ ಭಾರದ ಬೇಡಿಕೆ ಎಂಬುದನ್ನು ಮರೆಯಬಾರದು. ಹೇಳಿದವರಲ್ಲಿ ಮನೆ ಕಳೆದುಕೊಂಡವರಿದ್ದರು, ಕೆಲಸ ಕಳೆದುಕೊಂಡವರಿದ್ದರು. ಆದರೂ ಹೇಳಿದರು, ಮನೆಮನೆ ಬಾಗಿಲು ತಟ್ಟಿದರು. ರಿಪಬ್ಲಿಕನ್ ನಾಯಕ ರೊನಾಲ್ಡ್ ರೇಗನ್ ಕೂಡ ಪ್ರಸ್ತಾವವನ್ನು ವಿರೋಧಿಸಿದರು. 1978ರ ನವೆಂಬರ್ 7ರಂದು ಅದು ಹತ್ತು ಲಕ್ಷಕ್ಕೂ ಹೆಚ್ಚು ಮತಗಳಿಂದ ಬಿದ್ದುಹೋಯಿತು.

ಇಪ್ಪತ್ತು ದಿನ ಕಳೆಯಿತು. ರಾಜೀನಾಮೆ ಕೊಟ್ಟು, ಆಮೇಲೆ ಸ್ಥಾನ ವಾಪಸ್ ಬೇಕೆಂದು ಕೇಳಿ ಸಿಗದೆ ಹೋಗಿದ್ದ ಡಾನ್ ವೈಟ್ ನವೆಂಬರ್ 27ರ ಬೆಳಿಗ್ಗೆ ಸಿಟಿ ಹಾಲ್‌ಗೆ ಬಂದ. ಬಾಗಿಲಲ್ಲಿದ್ದ ಲೋಹಶೋಧಕವನ್ನು ತಪ್ಪಿಸಲು ನೆಲಮಾಳಿಗೆಯ ಕಿಟಕಿಯಿಂದ ಒಳನುಗ್ಗಿದ. ಮೇಯರ್ ಜಾರ್ಜ್ ಮಾಸ್ಕೋನ್ ಅವರಿಗೆ ನಾಲ್ಕು ಗುಂಡು ಹೊಡೆದ. ರಿವಾಲ್ವರಿಗೆ ಮತ್ತೆ ಗುಂಡು ತುಂಬಿ, ಕಟ್ಟಡದ ಇನ್ನೊಂದು ಬದಿಗೆ ನಡೆದು ಮಿಲ್ಕ್ ಅವರಿಗೆ ಐದು ಹೊಡೆದ. ಅಂದು ರಾತ್ರಿ ಸಾವಿರಾರು ಜನ ಕ್ಯಾಸ್ಟ್ರೋದಿಂದ ಸಿಟಿ ಹಾಲ್‌ವರೆಗೆ ಮೇಣದಬತ್ತಿ ಹಿಡಿದು ಮೌನವಾಗಿ ನಡೆದರು. ಮರುವರ್ಷ ಮೇ 21ರಂದು ನ್ಯಾಯಮಂಡಳಿ ವೈಟ್ ಮಾಡಿದ್ದು ಕೊಲೆಯಲ್ಲ, ಅದಕ್ಕಿಂತ ಹಗುರವಾದ ಸ್ವಯಂಪ್ರೇರಿತ ನರಹತ್ಯೆ (ವಾಲಂಟರಿ ಮ್ಯಾನ್‌ಸ್ಲಾಟರ್) ಎಂದಾಗ ಅದೇ ಜನ ಮೌನವಾಗಿರಲಿಲ್ಲ. ಪೊಲೀಸ್ ಕಾರುಗಳು ಉರಿದವು. ಇಬ್ಬರನ್ನು ಕೊಂದವನಿಗೆ ಏಳು ವರ್ಷ ಎಂಟು ತಿಂಗಳ ಶಿಕ್ಷೆ, ಅದರಲ್ಲಿ ಕಳೆದದ್ದು ಸುಮಾರು ಐದು ವರ್ಷ. ಹೊರಬಂದು 1985ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಇಂಥ ಕಥೆಗೆ ಹಾಲಿವುಡ್ ಮೂವತ್ತು ವರ್ಷ ಏಕೆ ತೆಗೆದುಕೊಂಡಿತು? ಪತ್ರಕರ್ತ ರ್‍ಯಾಂಡಿ ಶಿಲ್ಟ್ಸ್ ಬರೆದ ಜೀವನಚರಿತ್ರೆ 1982ರಲ್ಲೇ ಬಂದಿತ್ತು. ರಾಬ್ ಎಪ್‌ಸ್ಟೀನ್ ನಿರ್ದೇಶಿಸಿದ ‘ದ ಟೈಮ್ಸ್ ಆಫ್ ಹಾರ್ವೆ ಮಿಲ್ಕ್’ 1984ರಲ್ಲಿ ಬಂದು ಸಾಕ್ಷ್ಯಚಿತ್ರದ ಆಸ್ಕರ್ ಗೆದ್ದಿತ್ತು. 1990ರ ದಶಕದ ಆರಂಭದಲ್ಲಿ ಶಿಲ್ಟ್ಸ್ ಪುಸ್ತಕವನ್ನು ತೆರೆಗೆ ತರಲು ಆಲಿವರ್ ಸ್ಟೋನ್ ಕೈಹಾಕಿದರು, ರಾಬಿನ್ ವಿಲಿಯಮ್ಸ್ ಹೆಸರು ಓಡಾಡಿತು, ವ್ಯಾನ್ ಸ್ಯಾಂಟ್ ಕೂಡ ಆಗಲೇ ಒಮ್ಮೆ ಒಪ್ಪಿ, ಕೆಲಸ ಮಾಡಿ, ಬಿಟ್ಟರು. ಈ ನಡುವೆ ಏಡ್ಸ್ ಕ್ಯಾಸ್ಟ್ರೋದ ಒಂದು ತಲೆಮಾರನ್ನೇ ನುಂಗಿತು. ಶಿಲ್ಟ್ಸ್ 1994ರಲ್ಲಿ ತೀರಿಕೊಂಡರು, ಸ್ಕಾಟ್ ಸ್ಮಿತ್ 1995ರಲ್ಲಿ. ಕಥೆ ಹೇಳಬಲ್ಲವರೇ ಕಡಿಮೆಯಾಗುತ್ತಿದ್ದರು.

ಉಳಿದವರಲ್ಲಿ ಒಬ್ಬರು ಕ್ಲೀವ್ ಜೋನ್ಸ್. ಬೀದಿಯಲ್ಲಿ ಅಡ್ಡಾಡುತ್ತಿದ್ದ ಹುಡುಗನನ್ನು ಮಿಲ್ಕ್ ಹೋರಾಟಕ್ಕೆ ಎಳೆದುಕೊಂಡಿದ್ದರು. 1985ರಲ್ಲಿ ಮಿಲ್ಕ್ ಮತ್ತು ಮಾಸ್ಕೋನ್ ನೆನಪಿನ ವಾರ್ಷಿಕ ಮೇಣದಬತ್ತಿ ಮೆರವಣಿಗೆಯಲ್ಲಿ, ಏಡ್ಸ್‌ನಿಂದ ಸತ್ತ ನಿಮ್ಮವರ ಹೆಸರನ್ನು ರಟ್ಟಿನ ಮೇಲೆ ಬರೆಯಿರಿ ಎಂದು ಜೋನ್ಸ್ ಜನರನ್ನು ಕೇಳಿದರು. ಪೂರ್ತಿ ಹೆಸರು ಬರೆಯಲು ಅಂಜಿ ಕೆಲವರು ಮೊದಲಕ್ಷರಗಳನ್ನಷ್ಟೇ ಬರೆದರು. ಆ ರಟ್ಟುಗಳನ್ನೆಲ್ಲ ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿ ದೂರ ನಿಂತು ನೋಡಿದಾಗ ತೇಪೆ ಹಚ್ಚಿದ ಕೌದಿಯಂತೆ ಕಂಡಿತು. ಏಡ್ಸ್ ಸ್ಮರಣೆಯ ದೊಡ್ಡ ಕೌದಿ ಹುಟ್ಟಿದ್ದು ಅಲ್ಲಿಂದ. 1987ರಲ್ಲಿ ವಾಷಿಂಗ್ಟನ್‌ನಲ್ಲಿ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಮಾರ್ಮನ್ ಎಂಬ ಸಂಪ್ರದಾಯಸ್ಥ ಕ್ರೈಸ್ತ ಪಂಥದ ಕುಟುಂಬದಲ್ಲಿ, ಬಾಯಿಮುಚ್ಚಿ ಬೆಳೆದ ಯುವ ಲೇಖಕ ಡಸ್ಟಿನ್ ಲ್ಯಾನ್ಸ್ ಬ್ಲ್ಯಾಕ್ ಈ ಜೋನ್ಸ್ ಮತ್ತು ಹಳೆಯ ಒಡನಾಡಿಗಳ ಮುಂದೆ ಕೂತು, ಕೇಳಿ ಕೇಳಿ ‘ಮಿಲ್ಕ್’ ಚಿತ್ರಕಥೆ ಬರೆದರು.

2008ರ ಆರಂಭದಲ್ಲಿ ಚಿತ್ರೀಕರಣ ನಡೆದದ್ದು ಅದೇ ಬೀದಿಯಲ್ಲಿ, 575ನೇ ನಂಬರಿನ ಅದೇ ಮಳಿಗೆಯಲ್ಲಿ. ಶಾನ್ ಪೆನ್ ಮಿಲ್ಕ್ ಆದರು, ಜಾಶ್ ಬ್ರೋಲಿನ್ ಡಾನ್ ವೈಟ್. ಒಂದು ಶಾಟ್ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಗ ಕ್ಯಾಸ್ಟ್ರೋದಲ್ಲಿ ರಾತ್ರಿ ಹೊಡೆಯಲು ಬರುವವರಿಂದ ತಪ್ಪಿಸಿಕೊಳ್ಳಲು, ನೆರವಿಗೆ ಕೂಗಲು ಹುಡುಗರು ಸೀಟಿ ಇಟ್ಟುಕೊಳ್ಳುತ್ತಿದ್ದರು. ಒಬ್ಬ ಹುಡುಗ ಕೊಲೆಯಾಗಿದ್ದಾನೆ. ಅವನ ಸೀಟಿ ನೆಲದ ಮೇಲೆ ರಕ್ತದ ಕಲೆ ಹೊತ್ತು ಬಿದ್ದಿದೆ. ಮಿಲ್ಕ್ ಮತ್ತು ಪೊಲೀಸನ ಇಡೀ ಮಾತುಕತೆಯನ್ನು ನಾವು ನೋಡುವುದು ಆ ಸೀಟಿಯ ಲೋಹದ ಬಾಗಿನಲ್ಲಿ ಮೂಡಿದ ಪ್ರತಿಬಿಂಬವಾಗಿ. ಊದಲು ಸಮಯ ಸಾಲಲಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಚಿತ್ರದ ಉದ್ದಕ್ಕೂ ಮಿಲ್ಕ್ ಟೇಪ್ ರೆಕಾರ್ಡರಿಗೆ ತಮ್ಮ ಉಯಿಲು ಹೇಳುತ್ತಿರುತ್ತಾರೆ. ಅದೂ ಕಲ್ಪನೆಯಲ್ಲ. ಗೆದ್ದ ಕೆಲವೇ ದಿನಗಳಲ್ಲಿ, 1977ರ ನವೆಂಬರ್‌ನಲ್ಲಿ, ತಮ್ಮನ್ನು ಕೊಂದರೆ ಕೇಳಿಸಲೆಂದು ಅವರು ಧ್ವನಿಮುದ್ರಿಸಿಟ್ಟಿದ್ದರು. ನನ್ನ ತಲೆಗೆ ಹೊಕ್ಕ ಗುಂಡು ಎಲ್ಲ ಮುಚ್ಚಿದ ಬಾಗಿಲುಗಳನ್ನೂ ಒಡೆಯಲಿ ಎಂಬರ್ಥದ ಮಾತು ಅದರಲ್ಲಿದೆ.

ಕೊರತೆಯೂ ಇದೆ. ಬ್ರಿಗ್ಸ್ ಜೊತೆಗಿನ ಹೆಸರಾಂತ ಟಿವಿ ಚರ್ಚೆಯಲ್ಲಿ ಮಿಲ್ಕ್ ಪಕ್ಕದಲ್ಲಿ ಕೂತು ವಾದಿಸಿದ್ದ ಪ್ರಾಧ್ಯಾಪಕಿ ಸ್ಯಾಲಿ ಗಿಯರ್‌ಹಾರ್ಟ್ ಚಿತ್ರದಲ್ಲಿ ಇಲ್ಲವೇ ಇಲ್ಲ. ಹೆಸರು ಅಳಿಸುವುದರ ವಿರುದ್ಧ ನಿಂತ ಚಿತ್ರ ಒಬ್ಬ ಲೆಸ್ಬಿಯನ್ ಹೋರಾಟಗಾರ್ತಿಯ ಹೆಸರನ್ನೇ ಬಿಟ್ಟದ್ದು ಸಣ್ಣ ತಪ್ಪಲ್ಲ.

ಈಗ 2008ಕ್ಕೆ ಬರೋಣ. ಅಕ್ಟೋಬರ್ 28ರಂದು ಕ್ಯಾಸ್ಟ್ರೋ ಥಿಯೇಟರಿನಲ್ಲಿ ಮೊದಲ ಪ್ರದರ್ಶನವಾಯಿತು. ನವೆಂಬರ್ 4ರಂದು, ಸಲಿಂಗ ವಿವಾಹವನ್ನು ನಿಷೇಧಿಸುವ ಪ್ರೊಪೊಸಿಷನ್ 8 ಕ್ಯಾಲಿಫೋರ್ನಿಯಾದಲ್ಲಿ ಶೇ 52ರಷ್ಟು ಮತದಿಂದ ಗೆದ್ದಿತು. ನವೆಂಬರ್ 26ರಂದು ಚಿತ್ರ ಬಿಡುಗಡೆಯಾಯಿತು. ಪ್ರಸ್ತಾವದ ವಿರೋಧಿಗಳ ಟಿವಿ ಜಾಹೀರಾತುಗಳಲ್ಲಿ ಮದುವೆಯಾಗಬಯಸಿದ ಸಲಿಂಗಿ ಜೋಡಿಗಳೇ ಕಾಣುತ್ತಿರಲಿಲ್ಲ ಎಂಬ ದೂರು ಆಗ ಜೋರಾಗಿ ಕೇಳಿಬಂತು. ಕರಪತ್ರದ ದೃಶ್ಯವನ್ನು ಆ ವಾರ ಥಿಯೇಟರಿನಲ್ಲಿ ಕೂತು ನೋಡಿದವರ ಹೊಟ್ಟೆಗೆ ಎಂಥ ಬೆಂಕಿ ಬಿದ್ದಿರಬೇಕು! ಚಿತ್ರವನ್ನು ಮತದಾನಕ್ಕೆ ಮೊದಲೇ ಬಿಡಬೇಕಿತ್ತು ಎಂದವರ ಜೊತೆ ನಾನೂ ಇದ್ದೇನೆ. ಮರುವರ್ಷ ಫೆಬ್ರುವರಿಯಲ್ಲಿ ಪೆನ್ ಮತ್ತು ಬ್ಲ್ಯಾಕ್ ಇಬ್ಬರಿಗೂ ಆಸ್ಕರ್ ಬಂತು. ಆ ನಿಷೇಧ ಬಿದ್ದು ಮದುವೆಗಳು ಮತ್ತೆ ಶುರುವಾಗಲು 2013ರ ಜೂನ್‌ವರೆಗೆ ಕಾಯಬೇಕಾಯಿತು.

ಆ ಕಾಲದ್ದೊಂದು ವಸ್ತು ಬೆಂಗಳೂರಿನವರೆಗೂ ಬಂದಿದೆ. 1978ರ ಜೂನ್ 25ರ ಮೆರವಣಿಗೆಗೆಂದು ಗಿಲ್ಬರ್ಟ್ ಬೇಕರ್ ಮತ್ತು ಗೆಳೆಯರು ಬಟ್ಟೆಗೆ ತಾವೇ ಬಣ್ಣ ಅದ್ದಿ ಹೊಲಿದ ಕಾಮನಬಿಲ್ಲಿನ ಬಾವುಟ. ಮೊದಲು ಎಂಟು ಬಣ್ಣ, ಈಗ ಆರು. ಮಿಲ್ಕ್ ಅಂದು ಅದೇ ಮೆರವಣಿಗೆಯಲ್ಲಿದ್ದರು. ‘ಮಿಲ್ಕ್’ ತೆರೆಕಂಡ 2008ರಲ್ಲೇ ಬೆಂಗಳೂರಿನ ಪ್ರೈಡ್ ನಡಿಗೆಯೂ ಶುರುವಾಯಿತು. ಆಗ ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಸೆಕ್ಷನ್ 377 ಜಾರಿಯಲ್ಲಿತ್ತು. ಸುಪ್ರೀಂ ಕೋರ್ಟ್ ಅದರ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರ್ 6ರಂದು.

2021ರಲ್ಲಿ ಅಮೆರಿಕದ ನೌಕಾಪಡೆ ತಾನು ಹೊರದಬ್ಬಿದ್ದ ಮಿಲ್ಕ್ ಅವರ ಹೆಸರನ್ನು ಒಂದು ತೈಲವಾಹಕ ಹಡಗಿಗೆ ಇಟ್ಟು ನೀರಿಗಿಳಿಸಿತು. 1955ರ ದಾಖಲೆಯನ್ನು ತಿದ್ದಿ ಗೌರವಯುತ ಬಿಡುಗಡೆ ಎಂದು ಬರೆಸಿಕೊಳ್ಳುವ ದಾರಿಯೂ ಇತ್ತು. ಕುಟುಂಬ ಬೇಡವೆಂದಿತು, ಅಂದು ನಡೆದದ್ದು ಹಾಗೇ ಕಾಣುವಂತಿರಲಿ ಎಂದು. 2025ರ ಜೂನ್‌ನಲ್ಲಿ ಹೊಸ ಸರ್ಕಾರ ಆ ಹಡಗಿನಿಂದ ಮಿಲ್ಕ್ ಹೆಸರು ತೆಗೆದು ಬೇರೆ ಹೆಸರಿಟ್ಟಿತು. ಹಳೆಯ ದಾಖಲೆ ಇನ್ನೂ ಇದೆ.