ಚಿನ್ನದ ಬಣ್ಣದ ಮಂಡಿ ಹಾಕಿಸಿದರೆ ಕೀವಾಗಲ್ವಾ?

ಪ್ರಶ್ನೆ: ನಮ್ಮಮ್ಮನಿಗೆ 66 ವರ್ಷ, ಶುಗರ್ ಇದೆ. ಮಂಡಿ ಬದಲಾಯಿಸಬೇಕು ಅಂದಿದ್ದಾರೆ. ನಮ್ಮ ಬೀದಿಯಲ್ಲೇ ಒಬ್ಬರಿಗೆ ಆಪರೇಷನ್ ಆದಮೇಲೆ ಕೀವಾಗಿ, ಹಾಕಿದ್ದನ್ನೇ ತೆಗೆಯಬೇಕಾಯಿತು. ಚಿನ್ನದ ಬಣ್ಣದ ಕೋಟಿಂಗ್ ಇರೋದು ಹಾಕಿಸಿದರೆ ಆ ಭಯ ಇಲ್ಲವಂತೆ. ನಿಜವಾ? ಜಾಸ್ತಿ ದುಡ್ಡು ಕೊಡಬಹುದಾ?
– ಒಬ್ಬ ಓದುಗರು, ದಾವಣಗೆರೆ

ಕೀವಿನ ಭಯಕ್ಕೇ ಆದರೆ ಕೊಡಬೇಡಿ. ಆ ಹೊಳಪಿನಲ್ಲಿ ಚಿನ್ನ ಇರುವುದಿಲ್ಲ. ಅದು ಸಾಮಾನ್ಯವಾಗಿ ಟೈಟಾನಿಯಂ ನೈಟ್ರೈಡ್ ಜಾತಿಯ ಗಟ್ಟಿ ಪದರ. ನಿಕಲ್ ಅಲರ್ಜಿ ಇರುವವರಿಗೆ ಒಳಗಿನ ಲೋಹ ತಾಗದಿರಲಿ, ಸವೆತ ಕಮ್ಮಿಯಾಗಲಿ ಅಂತ ಕೊಡುತ್ತಾರೆ.

ಕೀವು ಯಾಕೆ ಅಷ್ಟು ಕಾಡುತ್ತೆ ಅಂದರೆ, ನಲ್ಲಿ ನೀರು ದಿನಾ ಬರದ ಮನೆಗಳಲ್ಲಿ ಡ್ರಮ್ ತುಂಬಿಡುತ್ತೇವಲ್ಲ, ಅದರ ಒಳಗೋಡೆಗೆ ಬೆರಳಾಡಿಸಿ ನೋಡಿ. ಲೋಳೆ. ಎಷ್ಟು ನೀರು ಸುರಿದರೂ ಹೋಗಲ್ಲ, ಉಜ್ಜಲೇಬೇಕು. ಬ್ಯಾಕ್ಟೀರಿಯಾ ಇಂಪ್ಲಾಂಟ್ (ಒಳಗೆ ಕೂರಿಸಿದ ಕೃತಕ ಕೀಲು) ಮೇಲೂ ಇಂಥದ್ದೇ ಲೋಳೆ ಕಟ್ಟಿಕೊಂಡು ಒಳಗೆ ಕೂತುಬಿಡುತ್ತೆ. ಲೋಹಕ್ಕೆ ರಕ್ತನಾಳ ಇಲ್ಲ, ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟಲ್ಲ. ಅದಕ್ಕೇ ಕೆಲವರಿಗೆ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತೆ. ಕೀವಾಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಜಾಸ್ತಿ.

ಲೋಳೆ ಕಟ್ಟುವ ಮೊದಲೇ ತಡೆಯುವ ಲೇಪನಗಳೂ ಇವೆ. ಬೆಳ್ಳಿ ಲೇಪನವನ್ನು ಹೆಚ್ಚಾಗಿ ಮೂಳೆ ಕ್ಯಾನ್ಸರಿನವರಿಗೆ ಹಾಕುವ ದೊಡ್ಡ ಇಂಪ್ಲಾಂಟ್‌ಗಳಿಗೆ ಬಳಸುತ್ತಾರೆ. ಜಪಾನಿನಲ್ಲಿ ಅಯೋಡಿನ್ ಲೇಪನ ಮಾಡಿದರು. ಯುರೋಪಿನಲ್ಲಿ ಆ್ಯಂಟಿಬಯೋಟಿಕ್ ಬೆರೆಸಿದ ಜೆಲ್ ಇದೆ; ಆಪರೇಷನ್ ಹೊತ್ತಲ್ಲೇ ಇಂಪ್ಲಾಂಟಿಗೆ ಸವರುತ್ತಾರೆ, ಕೆಲವೇ ದಿನದಲ್ಲಿ ಕರಗಿಹೋಗುತ್ತೆ. ಸಾಮಾನ್ಯ ಮಂಡಿಗೆ ಇವು ಇನ್ನೂ ವಾಡಿಕೆಗೆ ಬಂದಿಲ್ಲ. ಇಲ್ಲಿ ಸುಲಭಕ್ಕೆ ಸಿಗುವುದು ಜೆಂಟಾಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಬೆರೆಸಿದ ಮೂಳೆ ಸಿಮೆಂಟ್, ಅಂದರೆ ಇಂಪ್ಲಾಂಟನ್ನು ಮೂಳೆಗೆ ಕೂರಿಸುವ ಅಂಟು. 1970ರ ಸುಮಾರಿಗೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬುಕೋಲ್ಟ್ಸ್ ಅನ್ನುವ ಸರ್ಜನ್ ಶುರುಮಾಡಿದ್ದು. ಇಂಪ್ಲಾಂಟ್ ಸುತ್ತಲೇ ಔಷಧಿ ಬಿಡುತ್ತೆ, ಮೊದಲ ಕೆಲವು ದಿನ ಜಾಸ್ತಿ. ಕೋಟಿಂಗ್ ಬಗ್ಗೆ ಕೇಳುವ ಬದಲು, "ಸಿಮೆಂಟಲ್ಲಿ ಆ್ಯಂಟಿಬಯೋಟಿಕ್ ಇದೆಯಾ?" ಅಂತ ಕೇಳಿ.

ಆದರೆ ನಿಮ್ಮ ಕಾಗದದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಶುಗರ್. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8ರ ಮೇಲಿದ್ದರೆ ಎಷ್ಟೋ ಸರ್ಜನ್‌ಗಳು ಆಪರೇಷನ್ನನ್ನೇ ಮುಂದಕ್ಕೆ ಹಾಕುತ್ತಾರೆ. ಬೆಣ್ಣೆ ದೋಸೆ ಊರಲ್ಲಿ ಕೂತು ಇದನ್ನು ಹೇಳೋದು ಕಷ್ಟ, ಆದರೂ ಶುಗರ್ ಹತೋಟಿಗೆ ತರುವ ಆ ಖರ್ಚಿಲ್ಲದ ಕೆಲಸ ಮೊದಲು ಆಗಲಿ. ಹುಳುಕು ಹಲ್ಲು, ಉರಿಮೂತ್ರ, ಹಿಮ್ಮಡಿ ಬಿರುಕಿನ ಹುಣ್ಣು ಇದ್ದರೆ ಮುಚ್ಚಿಡದೆ ಹೇಳಿ. ಹಿಂದಿನ ರಾತ್ರಿ ಮನೆಯಲ್ಲಿ ಬ್ಲೇಡಿನಿಂದ ಕಾಲು ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳೇ ಕ್ರಿಮಿಗೆ ಬಾಗಿಲು.

ಮನೆಗೆ ಬಂದಮೇಲೆ ನೋಡಲು ಬಂದ ನೆಂಟರು, "ಹೊಲಿಗೆ ಹೆಂಗಾಗೈತಿ, ತೋರಿಸು" ಅಂತಾರೆ. ಬ್ಯಾಂಡೇಜ್ ಎತ್ತಲು ಬಿಡಬೇಡಿ, ಅರಿಶಿನವೂ ಬೇಡ. ಗಾಯ ಒಸರುತ್ತಿದ್ದರೆ, ಕೆಂಪಗಾಗಿ ನೋವು ಏರುತ್ತಿದ್ದರೆ, ಜ್ವರ ಬಂದರೆ ಅವತ್ತೇ ಆಪರೇಷನ್ ಮಾಡಿದವರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಿಸಿದರೆ, ಆಮೇಲೆ ಕೀವಿನ ಪರೀಕ್ಷೆಯಲ್ಲಿ ಅದು ಯಾವ ಕ್ರಿಮಿ ಅಂತಲೇ ಸಿಗದೆ ಹೋಗಬಹುದು.